ಜುಲೈ ಒಂದಕ್ಕೆ ನೀವೇ ಅಧ್ಯಕ್ಷರು, ಹಾಗಾದ್ರೆ ಏಪ್ರಿಲ್‌ನಲ್ಲಿ ಏನು ಮಾಡ್ತಿದ್ರಿ?

ಜೂನ್ ಕೊನೆಯ ವಾರದಿಂದ ದಾವಣಗೆರೆಯಲ್ಲಿ ಪದಗ್ರಹಣದ ಸೀಸನ್. ರೋಟರಿ, ಲಯನ್ಸ್, ಇನ್ನರ್ ವೀಲ್ ಅನ್ನುವ ಸೇವಾ ಕ್ಲಬ್‌ಗಳಿಗೆ ವರ್ಷಕ್ಕೊಬ್ಬರು ಹೊಸ ಅಧ್ಯಕ್ಷರು, ಮೂರಕ್ಕೂ ವರ್ಷ ಶುರುವಾಗುವುದು ಜುಲೈ 1ಕ್ಕೆ, ಮುಗಿಯುವುದು ಮುಂದಿನ ಜೂನ್ 30ಕ್ಕೆ. ಯುವಕರ ಕ್ಲಬ್ಬಾದ ಜೇಸಿಯವರದು ಮಾತ್ರ ಜನವರಿಯಿಂದ ಡಿಸೆಂಬರ್ ಲೆಕ್ಕ. ಪದಗ್ರಹಣದ ದಿನ ಕೊರಳಿಗೆ ಅಧ್ಯಕ್ಷರ ಪದಕದ ಪಟ್ಟಿ, ಅಂದರೆ ಕಾಲರ್ ಬೀಳುತ್ತದೆ, ಹಾರ, ಶಾಲು, ನಾಲ್ಕು ಜನರ ಭಾಷಣ, ಆಮೇಲೆ ಊಟ. ಮರುದಿನ ಬೆಳಗ್ಗೆ ಕಾಲರ್ ಬೀರುವಿನಲ್ಲಿಟ್ಟು ಕಾಫಿ ಹಿಡಿದು ಕೂತಾಗ ತಲೆಗೆ ಬರುತ್ತದೆ, ಈಗ ಏನು ಮಾಡೋದು? ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ನಾನೂ ಹೀಗೇ ತಡ ಮಾಡಿಕೊಂಡವನು, ಅದಕ್ಕೇ ಬರೆಯುತ್ತಿದ್ದೇನೆ.

ಹನ್ನೆರಡು ತಿಂಗಳು ಕೈಲಿದೆ ಅಂದುಕೊಳ್ಳಬೇಡಿ. ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಪೆನ್ ಹಿಡಿದು ಕೂರಿ. ಜುಲೈ ಪೂರ್ತಿ ಬೇರೆ ಕ್ಲಬ್‌ಗಳ ಪದಗ್ರಹಣಕ್ಕೆ ಹೋಗಿ ಬರುವುದರಲ್ಲೇ ಮುಗಿಯುತ್ತದೆ, ಹೋಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. ಗಣಪತಿ ಕೂರಿಸಿದರೆ ವಿಸರ್ಜನೆ ಮುಗಿಯುವವರೆಗೆ ಯಾರೂ ಸಿಗುವುದಿಲ್ಲ. ಅಕ್ಟೋಬರ್‌ನಲ್ಲಿ ದಸರಾ ರಜೆ, ಶಾಲೆಗೆ ಬೀಗ. ಅದೇ ಹೊತ್ತಿಗೆ ಎಪಿಎಂಸಿಗೆ ಮೆಕ್ಕೆಜೋಳ ಬರಲು ಶುರುವಾಗುತ್ತದೆ, ಮಂಡಿ ಇಟ್ಟುಕೊಂಡಿರುವ ಸದಸ್ಯರು ಫೋನ್ ಎತ್ತಿದರೆ ಅದೇ ಪುಣ್ಯ. ಮಾರ್ಚ್ ಬಂತೆಂದರೆ ಅಂಗಡಿಯವರಿಗೂ ಆಡಿಟರ್‌ಗಳಿಗೂ ಲೆಕ್ಕದ ತಲೆನೋವು, ಮಕ್ಕಳಿಗೆ ಪರೀಕ್ಷೆ. ಏಪ್ರಿಲ್, ಮೇ ಬಿಸಿಲು, ರಜೆ, ಮದುವೆ. ಕಳೆದು ನೋಡಿ. ಶಾಲೆಗೆ ಸಂಬಂಧಪಟ್ಟ ಕೆಲಸಕ್ಕೆ ಸಿಗುವುದು ಆಗಸ್ಟ್‌ನ ಒಂದಿಷ್ಟು ದಿನ, ಆಮೇಲೆ ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆ. ಹಾಗಾಗಿ ಅಧ್ಯಕ್ಷರಾಗುವ ಮೊದಲಿನ ಏಪ್ರಿಲ್‌ನಲ್ಲೇ ಊರು ನೋಡಿ ಬನ್ನಿ, ಮೇನಲ್ಲಿ ಖರ್ಚಿನ ಅಂದಾಜು ಹಾಕಿ, ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಹೆಡ್‌ಮಾಸ್ಟರ್ ಜೊತೆ ಮಾತು ಮುಗಿಸಿ. ಆಗಿನ್ನೂ ಕೊರಳಲ್ಲಿ ಕಾಲರ್ ಇಲ್ಲ ನೋಡಿ, ಜನ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ.

ಎಷ್ಟು ಪ್ರಾಜೆಕ್ಟ್ ಮಾಡಬೇಕು? ಒಂದು. ಸರಿ, ಒಂದೂವರೆ ಅನ್ನಿ. ಮೇಲಿನವರಿಗೆ ತಿಂಗಳು ತಿಂಗಳು ರಿಪೋರ್ಟ್ ಕಳಿಸಬೇಕಲ್ಲ, ಅದರ ಕಾಲಂ ತುಂಬಿಸಲು ಗಿಡ ನೆಡುವುದು, ಆಸ್ಪತ್ರೆಯಲ್ಲಿ ಹಣ್ಣು ಹಂಚುವುದು, ನೋಟ್‌ಬುಕ್ ಕೊಡುವುದು ಎಲ್ಲ ನಡೆಯುತ್ತವೆ, ನಡೆಯಲಿ. ಆದರೆ ನಿಮ್ಮ ತಲೆ, ನಿಮ್ಮ ಭಾನುವಾರ, ಕ್ಲಬ್ಬಿನ ದುಡ್ಡಿನ ದೊಡ್ಡ ಪಾಲು ಒಂದೇ ಕೆಲಸಕ್ಕೆ ಹೋಗಬೇಕು.

ನಾನು ಅಧ್ಯಕ್ಷನಾಗಿದ್ದ ವರ್ಷ ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ನೀರಿನ ಫಿಲ್ಟರ್ ಕೊಟ್ಟೆವು. ಎರಡು ಕಾರು ತುಂಬ ಹೋದೆವು, ರಿಬ್ಬನ್ ಕತ್ತರಿಸಿದೆವು, ಎಲ್ಲರೂ ಸ್ಟೀಲ್ ಲೋಟದಲ್ಲಿ ಒಂದೊಂದು ಗುಟುಕು ಕುಡಿದು ಫೋಟೊಗೆ ನಿಂತೆವು. ಒಂದೂವರೆ ವರ್ಷದ ಮೇಲೆ ಯಾವುದೋ ಮದುವೆಗೆ ಆ ಕಡೆ ಹೋದವನು ಸುಮ್ನೆ ಶಾಲೆಯೊಳಗೆ ಇಣುಕಿದೆ. ಫಿಲ್ಟರ್ ಇತ್ತು. ಅದರ ನಲ್ಲಿಗೆ ನೆಲ ಒರೆಸುವ ಬಟ್ಟೆ ನೇತು ಹಾಕಿದ್ದರು. ಮೇಲೆ ಸೀಮೆಸುಣ್ಣದ ಡಬ್ಬಿ, ಮುರಿದ ಗ್ಲೋಬ್. ನಮ್ಮ ಕ್ಲಬ್ಬಿನ ಸ್ಟಿಕ್ಕರ್ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ಮಕ್ಕಳು ಹಿಂದುಗಡೆ ಬೋರ್ ನೀರಿನ ನಲ್ಲಿಗೆ ಬೊಗಸೆ ಒಡ್ಡಿ ಕುಡಿಯುತ್ತಿದ್ದರು. ಹೆಡ್‌ಮಾಸ್ಟರ್ ಹೊಸಬರು. "ಇದನ್ನ ಯಾರು ಕೊಟ್ರೋ, ಕೆಟ್ರೆ ಯಾರನ್ನ ಕರೀಬೇಕೋ ನಂಗೆ ಗೊತ್ತಿಲ್ರಿ ಸಾರ್, ನೀರು ನಿಂತು ಬಾಳ ದಿನ ಆತು" ಅಂದರು. ಕೊಟ್ಟವನು ನಾನೇ ಅಂತ ಹೇಳಲು ಬಾಯಿ ಬರಲಿಲ್ಲ.

ಅವರದೇನೂ ತಪ್ಪಿಲ್ಲ. ಇಷ್ಟು ತಿಂಗಳಿಗೊಮ್ಮೆ ಒಳಗಿನ ಫಿಲ್ಟರ್ ಬದಲಿಸಬೇಕು ಅಂತ ನಾವು ಯಾರಿಗೂ ಹೇಳಿರಲಿಲ್ಲ, ಬದಲಿಸಲು ದುಡ್ಡೂ ಇಟ್ಟಿರಲಿಲ್ಲ. ಅದಕ್ಕಿಂತ ದೊಡ್ಡ ಪೆದ್ದತನ ಇನ್ನೊಂದು: ನೀರನ್ನೇ ಪರೀಕ್ಷೆ ಮಾಡಿಸಿರಲಿಲ್ಲ. ನಾವು ಕೊಟ್ಟಿದ್ದು ಯುವಿ, ಅಂದರೆ ನೇರಳಾತೀತ ಬೆಳಕಿನ ಫಿಲ್ಟರ್. ಅದು ರೋಗಾಣು ಕೊಲ್ಲುತ್ತದೆ, ಫ್ಲೋರೈಡನ್ನು ಮುಟ್ಟುವುದೇ ಇಲ್ಲ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿ ಏನಲ್ಲ, ನಾವು ಕೇಳಬೇಕಿತ್ತು ಅಷ್ಟೇ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ನಡೆಯುತ್ತದೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇದ್ದರೆ ಫ್ಲೋರೈಡನ್ನೂ ತೆಗೆಯುವ ಆರ್‌ಒನಂಥ ಯಂತ್ರ ಬೇಕಾಗುತ್ತದೆ. ಆರ್‌ಒ ಹಾಕಿದರೆ ಒಂದಿಷ್ಟು ನೀರು ಹೊರಗೆ ಹೋಗುತ್ತದೆ, ನೀರಿಗೇ ಬರ ಇರುವ ಊರಿನಲ್ಲಿ ಅದನ್ನು ಚರಂಡಿಗೆ ಬಿಟ್ಟರೆ ಊರವರೇ ಬೈಯುತ್ತಾರೆ, ಹಾಗಾಗಿ ಅದೇ ಪೈಪನ್ನು ಶೌಚಾಲಯದ ತೊಟ್ಟಿಗೆ ಎಳೆಯುವ ಖರ್ಚನ್ನೂ ಮೊದಲೇ ಅಂದಾಜಿಗೆ ಸೇರಿಸಿ.

ಅಂದಿನಿಂದ ನಾನು ಇಟ್ಟುಕೊಂಡಿರುವ ಪದ್ಧತಿ ಹೇಳುತ್ತೇನೆ. ಶಾಲೆ ಇರಲಿ, ಅಂಗನವಾಡಿ ಇರಲಿ, ಕೊಡುವ ಮೊದಲು ಮೂರು ಸಲ ಹೋಗಬೇಕು. ಮೊದಲ ಸಲ ಒಬ್ಬರೇ ಹೋಗಿ, ಬೈಕಿನಲ್ಲಿ, ಬ್ಯಾನರ್ ಇಲ್ಲದೆ. ಹೆಡ್‌ಮಾಸ್ಟರನ್ನು ಕೇಳಿದರೆ ಕಂಪ್ಯೂಟರ್ ಬೇಕು, ಸ್ಮಾರ್ಟ್ ಬೋರ್ಡ್ ಬೇಕು ಅನ್ನುತ್ತಾರೆ, ಕೇಳಿಸಿಕೊಳ್ಳಿ. ಆಮೇಲೆ ಬಿಸಿಯೂಟದ ಅಡುಗೆ ಮಾಡುವ ಅಕ್ಕನ ಹತ್ತಿರ ಹೋಗಿ ಹತ್ತು ನಿಮಿಷ ನಿಲ್ಲಿ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕರೆಂಟ್ ಯಾವಾಗ ಹೋಗುತ್ತದೆ, ಹೆಣ್ಣುಮಕ್ಕಳ ಶೌಚಾಲಯದ ಚಿಲಕ ಮುರಿದು ಎಷ್ಟು ತಿಂಗಳಾಯಿತು, ಎಲ್ಲ ಅವರಿಗೆ ಗೊತ್ತಿರುತ್ತದೆ. ಎರಡನೇ ಸಲ ಎಂಜಿನಿಯರೋ ಪ್ಲಂಬರೋ ಜೊತೆಗಿರಲಿ, ನೀರಿನ ಕೆಲಸವಾದರೆ ಬಾಟಲಿಯಲ್ಲಿ ಸ್ಯಾಂಪಲ್ ತಂದು ಪರೀಕ್ಷೆಗೆ ಕೊಡಿ. ಮೂರನೇ ಸಲ ಶಾಲಾಭಿವೃದ್ಧಿ ಸಮಿತಿಯವರನ್ನು (ಎಸ್‌ಡಿಎಂಸಿ) ಕೂರಿಸಿಕೊಂಡು ಒಂದು ಹಾಳೆಯ ಮೇಲೆ ಬರೆಯಿರಿ: ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ, ಕೀಲಿ ಯಾರ ಹತ್ತಿರ, ತೊಳೆಯುವವರು ಯಾರು, ಕೆಟ್ಟರೆ ಯಾವ ನಂಬರಿಗೆ ಫೋನ್. ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿಗೂ ಒಂದು ಪತ್ರ. ಮತ್ತೆ, ನೂರು ರೂಪಾಯಿಯ ವಸ್ತು ಕೊಡುವುದಾದರೆ ಇಪ್ಪತ್ತು ರೂಪಾಯಿ ರಿಪೇರಿಗೆ ತೆಗೆದಿಡಿ. ಇದು ನನ್ನ ಕೈ ಸುಟ್ಟ ಲೆಕ್ಕ, ಎಲ್ಲೂ ಬರೆದಿಟ್ಟ ನಿಯಮ ಅಲ್ಲ.

ಶೌಚಾಲಯ ಅಂದ ಕೂಡಲೇ ಬೋರ್ಡ್ ಮೀಟಿಂಗ್‌ನಲ್ಲಿ ಕೆಲವರು ಮುಖ ಸಿಂಡರಿಸುತ್ತಾರೆ, ಫೋಟೊ ಚೆನ್ನಾಗಿ ಬರಲ್ಲ ಅಂತ. ಅವರಿಗೆ ಒಂದು ಮಾತು ಹೇಳಿ. ಷಿಕಾಗೋದ ಮೊದಲ ರೋಟರಿ ಕ್ಲಬ್ 1907ರಲ್ಲಿ ಊರಿನ ಕೆಲಸ ಅಂತ ಮೊದಲು ಕೈ ಹಾಕಿದ್ದೇ ಸಾರ್ವಜನಿಕ ಶೌಚಾಲಯಕ್ಕೆ.

ನೆಟ್‌ವರ್ಕಿಂಗ್ ವಿಷಯಕ್ಕೂ ಅಷ್ಟೇ, ಮುಚ್ಚುಮರೆ ಬೇಡ. "ಅವ್ರು ಕ್ಲಬ್ಬಿಗೆ ಬರೋದೇ ವ್ಯಾಪಾರಕ್ಕೆ" ಅಂತ ಹಿಂದಿನಿಂದ ಆಡಿಕೊಳ್ಳುತ್ತಾರೆ. ರೋಟರಿ ಶುರುವಾದ 1905ರ ಫೆಬ್ರವರಿ 23ರಂದು ಮೊದಲು ಸೇರಿದ ನಾಲ್ವರು ಯಾರು? ವಕೀಲ ಪಾಲ್ ಹ್ಯಾರಿಸ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ದೊಡ್ಡ ಊರಿನಲ್ಲಿ ನಾಲ್ಕು ಜನ ಪರಿಚಯ ಬೇಕು, ವ್ಯಾಪಾರಕ್ಕೂ ಅನುಕೂಲ ಅಂತಲೇ ಸೇರಿದ್ದು. ಒಬ್ಬೊಬ್ಬರ ಆಫೀಸಿನಲ್ಲಿ ಸರದಿ ಮೇಲೆ ಸಭೆ ನಡೆಸುತ್ತಿದ್ದರಿಂದ ರೋಟರಿ ಅಂತ ಹೆಸರಾಯಿತು. ಲಯನ್ಸ್ ಶುರು ಮಾಡಿದ ಮೆಲ್ವಿನ್ ಜೋನ್ಸ್ ಕೂಡ ಇನ್ಶೂರೆನ್ಸ್ ವ್ಯವಹಾರದವರು, ಅದು 1917. ಹಾಗಾಗಿ ಹೊಸ ಸದಸ್ಯ ವಿಸಿಟಿಂಗ್ ಕಾರ್ಡ್ ತಂದರೆ ತಪ್ಪಲ್ಲ. ಮೊದಲ ದಿನವೇ ಎಲ್ಲರಿಗೂ ಹಂಚಿ, ರಾತ್ರಿ ವಾಟ್ಸ್‌ಆ್ಯಪ್ ಗ್ರೂಪಿಗೆ ಸೈಟ್ ಜಾಹೀರಾತು ಹಾಕಿದರೆ ಮಾತ್ರ ತಪ್ಪು. ಆರು ತಿಂಗಳು ಕ್ಲಬ್ಬಿನ ಕೆಲಸದಲ್ಲಿ ಬೆವರು ಸುರಿಸಿದವನ ಹತ್ತಿರ ಜನ ತಾವಾಗೇ ಬರುತ್ತಾರೆ. ನಮ್ಮಲ್ಲಿ ರಕ್ತದಾನ ಶಿಬಿರದ ಕುರ್ಚಿ ಜೋಡಿಸಿ, ಕೊನೆಗೆ ಉಳಿದು ಕಸ ಗುಡಿಸಿದ ಒಬ್ಬ ಹುಡುಗನಿಗೆ ಅಲ್ಲೇ ಇದ್ದ ಡಾಕ್ಟರೊಬ್ಬರು ತಮ್ಮ ಹೊಸ ಕ್ಲಿನಿಕ್ಕಿನ ವೈರಿಂಗ್ ಕೆಲಸ ಕೊಟ್ಟರು.

ಅಧ್ಯಕ್ಷರಾಗಿ ನೀವು ಮಾಡಬೇಕಾದದ್ದು: ಪ್ರತಿ ಸದಸ್ಯನ ಮುಂದೆ ಅವನಿಗೆ ಏನು ಬರುತ್ತದೆ, ಯಾರು ಗೊತ್ತು ಅಂತ ಒಂದು ಪಟ್ಟಿ. ಎಪಿಎಂಸಿಯಲ್ಲಿ ಲಾರಿ ಸಿಗುತ್ತದೆ ಅನ್ನುವವರು, ಹರಿಹರದಲ್ಲಿ ಫ್ಯಾಬ್ರಿಕೇಶನ್ ಶೆಡ್ ಇರುವವರು, ಜಿಲ್ಲಾ ಪಂಚಾಯಿತಿಯಲ್ಲಿ ಯಾವ ಟೇಬಲ್ಲಿಗೆ ಹೋಗಬೇಕು ಅಂತ ತಿಳಿದವರು. ಚೆಕ್ ಬರೆದು ಸುಮ್ಮನಾಗುವ ಹತ್ತು ಜನಕ್ಕಿಂತ ಒಬ್ಬ ಪ್ಲಂಬರ್ ಸದಸ್ಯ ಹೆಚ್ಚು ಉಪಯೋಗಕ್ಕೆ ಬರುತ್ತಾನೆ, ಆದರೆ ನಮ್ಮ ಕ್ಲಬ್‌ಗಳು ಪ್ಲಂಬರನ್ನು ಸದಸ್ಯ ಮಾಡಿಕೊಳ್ಳುವುದಿಲ್ಲ, ಅದು ಬೇರೆ ಜಗಳ.

ಇನ್ನು ಜನರನ್ನು ನಡೆಸುವುದು. ಇಲ್ಲಿ ಯಾರಿಗೂ ಸಂಬಳ ಇಲ್ಲ, ಯಾರನ್ನೂ ಕೆಲಸದಿಂದ ತೆಗೆಯಲು ಬರುವುದಿಲ್ಲ. ಅಂಗಡಿಯಲ್ಲಿ ಹುಡುಗರಿಗೆ ಹೇಳಿದ ಹಾಗೆ ಹೇಳಿದರೆ ಮುಂದಿನ ವಾರ ಮೀಟಿಂಗಿಗೆ ಏಳು ಜನ. ಕಾರ್ಯದರ್ಶಿಯನ್ನು ನೀವೇ ಆರಿಸಿಕೊಳ್ಳಿ, ಸ್ನೇಹಿತ ಅಂತ ಅಲ್ಲ, ಫೋನ್ ಮಾಡಿದರೆ ವಾಪಸ್ ಮಾಡುವವನು ಅಂತ. ಖಜಾಂಚಿ ಜಿಪುಣನಾಗಿದ್ದರೆ ಒಳ್ಳೆಯದು. ಹಿಂದಿನ ಅಧ್ಯಕ್ಷರುಗಳು ಇರುತ್ತಾರೆ, "ನಮ್ ಕಾಲದಲ್ಲಿ..." ಅಂತ ಶುರು ಮಾಡುತ್ತಾರೆ. ಅವರನ್ನು ಮೀಟಿಂಗ್‌ನಲ್ಲಿ ಎದುರು ಹಾಕಿಕೊಳ್ಳಬೇಡಿ. ಮೊದಲೇ ಒಂದು ದಿನ ಬೆಣ್ಣೆ ದೋಸೆಗೆ ಕರೆದುಕೊಂಡು ಹೋಗಿ, "ಅಣ್ಣಾ, ಇದು ಹೆಂಗೆ ಮಾಡೋಣ?" ಅಂತ ಕೇಳಿ. ಎರಡನೇ ದೋಸೆ ಬರುವ ಹೊತ್ತಿಗೆ ನಿಮ್ಮ ಪ್ರಾಜೆಕ್ಟ್ ಅವರ ಪ್ರಾಜೆಕ್ಟ್ ಆಗಿರುತ್ತದೆ, ಆಗಲಿ ಬಿಡಿ. ಮೀಟಿಂಗ್ ಒಂದು ಗಂಟೆ ದಾಟಬಾರದು. ಹೊಸಬರಿಗೆ ಸೇರಿದ ತಿಂಗಳೊಳಗೆ ಒಂದು ಸಣ್ಣ ಕೆಲಸ ಕೊಡಿ, ಇಲ್ಲದಿದ್ದರೆ ಊಟ ಮಾಡಿ ಹೋಗುವುದೇ ಕ್ಲಬ್ ಅಂದುಕೊಳ್ಳುತ್ತಾರೆ. ಹೆಣ್ಣುಮಕ್ಕಳಿಗೆ ಲಯನ್ಸ್ 1987ರಲ್ಲಿ, ರೋಟರಿ 1989ರಲ್ಲಿ ಸದಸ್ಯತ್ವದ ಬಾಗಿಲು ತೆರೆಯಿತು. ಇಷ್ಟು ವರ್ಷ ಆದಮೇಲೂ ಅವರನ್ನು ಆರತಿ ತಟ್ಟೆ ಹಿಡಿಯಲು, ಪ್ರಾರ್ಥನೆ ಹಾಡಲು ಮಾತ್ರ ಕರೆಯುವ ಕ್ಲಬ್ ನಿಮ್ಮದಾಗಿದ್ದರೆ ಖಜಾಂಚಿ ಹುದ್ದೆಯಿಂದ ಶುರು ಮಾಡಿ.

ಉಳಿದ ಅರ್ಧ ಪ್ರಾಜೆಕ್ಟಿಗೆ ರಕ್ತದಾನ ಸಾಕು. ಆದರೆ ಎಲ್ಲರೂ ಮಾಡುವ ದಿನ ಮಾಡಬೇಡಿ. ಆಗಸ್ಟ್ 15, ಅಕ್ಟೋಬರ್ 2, ಯಾರದೋ ಹುಟ್ಟುಹಬ್ಬ, ಒಂದೇ ವಾರ ಊರಲ್ಲಿ ನಾಲ್ಕು ಶಿಬಿರ. ರಕ್ತದ ಕೆಂಪು ಕಣ ಇಡಲು ಬರುವುದು 35ರಿಂದ 42 ದಿನ, ಪ್ಲೇಟ್‌ಲೆಟ್ ಬರೀ 5 ದಿನ. ಕಷ್ಟ ಬರುವುದು ಏಪ್ರಿಲ್, ಮೇನಲ್ಲಿ, ಕಾಲೇಜು ಹುಡುಗರು ಊರಿಗೆ ಹೋದಾಗ. ಬ್ಲಡ್ ಬ್ಯಾಂಕಿಗೇ ಫೋನ್ ಮಾಡಿ ಯಾವ ವಾರ ಬೇಕು ಅಂತ ಕೇಳಿ, ಅವರು ಹೇಳಿದ ದಿನ ಬೆಳಗ್ಗೆ ಬಿಸಿಲೇರುವ ಮೊದಲು ಇಟ್ಟುಕೊಳ್ಳಿ. 18ರಿಂದ 65 ವಯಸ್ಸು, ಕನಿಷ್ಠ 45 ಕೆ.ಜಿ. ತೂಕ, ಹಿಮೋಗ್ಲೋಬಿನ್ 12.5. ಗಂಡಸರು ಕೊಟ್ಟು 3 ತಿಂಗಳು, ಹೆಂಗಸರು 4 ತಿಂಗಳು ಆಗಿರಬೇಕು. ಇದನ್ನು ಪೋಸ್ಟರ್‌ನಲ್ಲೇ ದೊಡ್ಡದಾಗಿ ಹಾಕಿದರೆ ಬಂದವರು ವಾಪಸ್ ಹೋಗುವುದು ತಪ್ಪುತ್ತದೆ. ಉಪವಾಸ ಬಂದವರಿಗೆ ಮೊದಲು ತಿಂಡಿ. ನಮ್ಮ ಶಿಬಿರದಲ್ಲಿ ಒಬ್ಬರು ಶನಿವಾರದ ಒಪ್ಪತ್ತು ಅಂತ ಹೇಳದೆ ರಕ್ತ ಕೊಟ್ಟು ಅಲ್ಲೇ ಕುರ್ಚಿ ಮೇಲೆ ಒರಗಿಬಿಟ್ಟರು, ಎಳನೀರು ಕುಡಿಸಿ ಎಬ್ಬಿಸುವಷ್ಟರಲ್ಲಿ ಸಾಲಿನಲ್ಲಿದ್ದ ಮೂವರು ಮೆಲ್ಲಗೆ ಜಾಗ ಖಾಲಿ ಮಾಡಿದ್ದರು.

ದುಡ್ಡಿನ ಬಗ್ಗೆ ಸ್ವಲ್ಪ. ಕ್ಲಬ್ಬಿನ ಖರ್ಚಿನ ಖಾತೆ ಬೇರೆ, ಜನರಿಂದ ಸೇವೆಗೆ ಅಂತ ತಂದ ದುಡ್ಡಿನ ಖಾತೆ ಬೇರೆ. ಲಯನ್ಸ್‌ನಲ್ಲಂತೂ ಜನರ ದುಡ್ಡನ್ನು ಕ್ಲಬ್ಬಿನ ಖರ್ಚಿಗೆ ಮುಟ್ಟುವಂತಿಲ್ಲ. ನೀವು ಯಾವ ಕ್ಲಬ್ಬಿನವರಾದರೂ ಹಾಗೇ ಇಡಿ, ಚೆಕ್ಕಿಗೆ ಎರಡು ಸಹಿ ಇರಲಿ. ಕಂಪನಿಗಳು ಸಮಾಜಸೇವೆಗೆ ಕೊಡುವ ಸಿಎಸ್‌ಆರ್ ದುಡ್ಡು ಬೇಕಾದರೆ ನಿಮ್ಮ ಟ್ರಸ್ಟಿಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಬೇಕು, 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಫಾರಂ ಕೂಡ ತುಂಬಿರಬೇಕು, ಇದಕ್ಕೆ ಕ್ಲಬ್ಬಿನ ಆಡಿಟರನ್ನು ಏಪ್ರಿಲ್‌ನಲ್ಲೇ ಹಿಡಿಯಿರಿ. ದೊಡ್ಡ ಕ್ಲಬ್ಬುಗಳ ಸಹವಾಸ ಬೇಡ, ನಮ್ಮ ಬಡಾವಣೆಯವರೇ ಏನಾದರೂ ಮಾಡುತ್ತೇವೆ ಅನ್ನುವವರು ರಾಜ್ಯದ 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಏಳು ಜನ ಸೇರಿ ಸಂಘ ಮಾಡಿಕೊಳ್ಳಬಹುದು. ಹೊಸ ರೋಟರಿ ಅಥವಾ ಲಯನ್ಸ್ ಕ್ಲಬ್ ಆದರೆ ಇಪ್ಪತ್ತು ಜನ ಬೇಕು. ಫ್ಲೆಕ್ಸ್‌ನಲ್ಲಿ ಇಸವಿ, ಅಧ್ಯಕ್ಷರ ಹೆಸರು ಹಾಕಿಸಬೇಡಿ, ಅದೇ ಫ್ಲೆಕ್ಸ್ ಮೂರು ವರ್ಷ ಬರುತ್ತದೆ. ಹಳೆಯದಾದರೆ ರೈತರಿಗೆ ಕೊಡಿ, ಮಳೆ ಬಂದಾಗ ಮೆಕ್ಕೆಜೋಳದ ರಾಶಿ ಮುಚ್ಚಲು ಕೇಳಿ ಒಯ್ಯುತ್ತಾರೆ.

ಜನವರಿ ಮುಗಿಯುವುದರೊಳಗೆ ಮುಂದಿನ ಅಧ್ಯಕ್ಷ ಯಾರು ಅಂತ ಗೊತ್ತಾಗಿರುತ್ತದೆ. ಅವರನ್ನು ಜೊತೆಗೆ ಕರೆದುಕೊಂಡು ಶಾಲೆಗೆ ಹೋಗಿ, ಅಡುಗೆಯ ಅಕ್ಕನನ್ನೂ ಪರಿಚಯ ಮಾಡಿಸಿ. ನಾನು ಈಗ ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಪ್ರತಿ ಜೂನ್ ಕೊನೆಗೆ ಅದು ಹೊಸ ಅಧ್ಯಕ್ಷರ ಕೈಗೆ ಹೋಗುತ್ತದೆ. ಮೊದಲ ಪುಟದಲ್ಲಿ ಫಿಲ್ಟರ್ ರಿಪೇರಿಯವನ ನಂಬರ್, ಕಳೆದ ಸಲ ಬದಲಿಸಿದ ತಾರೀಖು, ಮುಂದಿನ ಸಲದ ತಾರೀಖು. ಜಗಳೂರಿನ ಆ ಶಾಲೆಗೆ ಆಮೇಲೆ ಆರ್‌ಒ ಹಾಕಿಸಿದೆವು, ಉದ್ಘಾಟನೆ ಮಾಡಲಿಲ್ಲ. ಹೋದ ತಿಂಗಳು ಹೋದಾಗ ನಲ್ಲಿಯ ಕೆಳಗಿನ ಸಿಮೆಂಟ್ ಒದ್ದೆಯಾಗಿತ್ತು, ಲೋಟಕ್ಕೆ ಕಟ್ಟಿದ ಸರಪಳಿ ಮಾತ್ರ ಕಿತ್ತುಹೋಗಿತ್ತು. ಹೊಸ ಸರಪಳಿ ತರಬೇಕು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಬಂದೆ.