ಬಣ್ಣವನ್ನು ಆಕ್ಸಿಜನ್‌ಗೆ ಕಟ್ಟಿದ ಮೇಲೆ ನನ್ನ ಗ್ಯಾಲಕ್ಸಿ ಮಾಡೆಲ್ ಕೂತಿತು

ಎನ್‌ಜಿಸಿ 628 ಅನ್ನೋ ಸುರುಳಿ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳು ಯಾವಾಗ ಎಷ್ಟು ಹುಟ್ಟಿದವು ಅನ್ನೋ ಇತಿಹಾಸದ ಮಾಡೆಲ್ ಕೊನೆಗೂ ಹೊಂದಿತು. ಒಳಗಿನಿಂದ ಹೊರಗೆ ಉಂಗುರ ಉಂಗುರವಾಗಿ ಕತ್ತರಿಸಿಕೊಂಡು, ಪ್ರತಿ ಉಂಗುರದ ಬಣ್ಣ, ಅನಿಲ, ಆಕ್ಸಿಜನ್ ಮೂರನ್ನೂ ಒಂದೇ ಮಾಡೆಲ್‌ನಲ್ಲಿ ಹಿಡಿದಿದ್ದೇನೆ, ಅದೂ ಬಸವನಗುಡಿಯ ಮನೆಯಲ್ಲಿರುವ ಒಂದು ಸೆಕೆಂಡ್ ಹ್ಯಾಂಡ್ ಮೆಷಿನ್ ಮೇಲೆ. ಆಗಲ್ಲ ಅಂದವರೇ ಜಾಸ್ತಿ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಅವರ ವಾದ ಇಷ್ಟು. ಬೆಳಕನ್ನು ಮಾತ್ರ ಫಿಟ್ ಮಾಡು, ಕೆಮಿಸ್ಟ್ರಿ ತಂದರೆ ಪ್ಯಾರಾಮೀಟರ್ ಹೆಚ್ಚಾಗುತ್ತೆ, ಯೀಲ್ಡ್ ಟೇಬಲ್‌ಗಳೇ (ನಕ್ಷತ್ರಗಳು ಯಾವ ಧಾತುವನ್ನು ಎಷ್ಟು ತಯಾರಿಸುತ್ತವೆ ಅನ್ನೋ ಪಟ್ಟಿಗಳು) ಒಂದಕ್ಕೊಂದು ತಾಳೆಯಾಗಲ್ಲ. ಕೊನೆಯ ಮಾತು ನಿಜ. ಆದರೆ ಬರೀ ಬೆಳಕು ಹಿಡಿದು ಹೊರಟರೆ ವಯಸ್ಸಿನ ಪರಿಣಾಮ ಯಾವುದು, ಲೋಹದ್ದು (ಹೀಲಿಯಂಗಿಂತ ಭಾರದ ಎಲ್ಲ ಧಾತುಗಳೂ ಇಲ್ಲಿ ಲೋಹವೇ) ಯಾವುದು ಅಂತ ಬಿಡಿಸೋಕಾಗಲ್ಲ. ಖಗೋಳ ವಿಜ್ಞಾನಿ ವರ್ದಿ 1994ರಲ್ಲೇ ತೋರಿಸಿದ್ದರು: ವಯಸ್ಸನ್ನು ಮೂರು ಪಟ್ಟು ಮಾಡಿದರೂ, ಲೋಹವನ್ನು ಎರಡು ಪಟ್ಟು ಮಾಡಿದರೂ ಬಣ್ಣ ಹೆಚ್ಚು ಕಡಿಮೆ ಒಂದೇ ಥರ ಕೆಂಪಾಗುತ್ತೆ. ನನ್ನ ಮೊದಲ ಫಿಟ್‌ಗಳೆಲ್ಲ ಅಲ್ಲೇ ಸಿಕ್ಕಿಕೊಂಡವು. ಒಂದೇ ಉಂಗುರಕ್ಕೆ 400 ಕೋಟಿ ವರ್ಷವೂ ಸರಿ, 1000 ಕೋಟಿ ವರ್ಷವೂ ಸರಿ. ಇಂಥ ಉತ್ತರ ಇಟ್ಟುಕೊಂಡು ಏನು ಮಾಡೋದು?

ನಾನು ಮಾಡಿದ್ದು ಇದು. ನಕ್ಷತ್ರಗಳ ಮೆಟಾಲಿಸಿಟಿಯನ್ನು, ಅಂದರೆ ಲೋಹದ ಪಾಲನ್ನು, ಫ್ರೀ ಪ್ಯಾರಾಮೀಟರ್ ಆಗಿ ಬಿಡಲೇ ಇಲ್ಲ. ಯಾವ ಕಾಲದಲ್ಲಿ ಹುಟ್ಟಿದ ನಕ್ಷತ್ರಕ್ಕೆ ಆ ಕಾಲದ ಅನಿಲದಲ್ಲಿದ್ದಷ್ಟೇ ಲೋಹ. ಕೊನೆಗೆ ಉಳಿಯುವ ಅನಿಲ ರೇಡಿಯೋ ಮ್ಯಾಪ್‌ಗೆ, ಕೊನೆಯ ಆಕ್ಸಿಜನ್ ಎಚ್-ಟು ಪ್ರದೇಶಗಳ (ಎಳೆಯ ನಕ್ಷತ್ರಗಳ ಸುತ್ತ ಹೊಳೆಯುವ ಅನಿಲ ಮೋಡಗಳ) ಮಾಪನಕ್ಕೆ ಹೊಂದಬೇಕು. ಹೊಂದದ ಇತಿಹಾಸ ಎಷ್ಟೇ ಚೆಂದದ ಬಣ್ಣ ಕೊಟ್ಟರೂ ಹೊರಗೆ. ಆಕ್ಸಿಜನ್ ಯೀಲ್ಡನ್ನು ಟೇಬಲ್‌ನಿಂದ ತೆಗೆದುಕೊಳ್ಳದೆ, ಇಡೀ ಗ್ಯಾಲಕ್ಸಿಗೆ ಒಂದೇ ಸಂಖ್ಯೆ ಅಂತ ಇಟ್ಟೆ. ಎಲ್ಲ ಉಂಗುರಗಳೂ ಅದನ್ನೇ ಹಂಚಿಕೊಳ್ಳಬೇಕು. ಟೇಬಲ್ ಜಗಳ ಅಲ್ಲಿಗೆ ಮುಗಿಯಿತು. ಪ್ಯಾರಾಮೀಟರ್ ಲೆಕ್ಕವೂ ಹೆಚ್ಚೋ ಬದಲು ಇಳಿಯಿತು!

ಬೆಳಕು ಮತ್ತು ಕೆಮಿಸ್ಟ್ರಿ ಜೊತೆಗೇ ಹೋಗಬೇಕು ಅನ್ನೋದು ಹೊಸದೇನಲ್ಲ. ಬಿಯಾಟ್ರಿಸ್ ಟಿನ್ಸ್ಲಿ ಇದೇ ದಾರಿ ಹಾಕಿಕೊಟ್ಟವರು. 1967ರ ಅವರ ಪಿಎಚ್‌ಡಿ ಗ್ಯಾಲಕ್ಸಿಗಳ ವಿಕಾಸದ ಮೇಲೆ, 1980ರ ಅವರ ರಿವ್ಯೂ ನನ್ನ ಮೇಜಿನ ಮೇಲೆ ಈಗಲೂ ಇದೆ.

ಇನ್ನು ಕೈಕೊಟ್ಟವುಗಳ ಕಥೆ. ಕ್ಲೋಸ್ಡ್ ಬಾಕ್ಸ್ (ಅನಿಲ ಒಳಗೆ ಬರೋದೂ ಇಲ್ಲ, ಹೊರಗೆ ಹೋಗೋದೂ ಇಲ್ಲ ಅನ್ನೋ ಮಾಡೆಲ್) ಮೊದಲೇ ಬಿತ್ತು. ಅದು ಹೇಳುವಷ್ಟು ಲೋಹ ಕಮ್ಮಿಯ ನಕ್ಷತ್ರಗಳು ಸೂರ್ಯನ ಸುತ್ತ ಇಲ್ಲ ಅನ್ನೋ ಜಿ-ಡ್ವಾರ್ಫ್ ಸಮಸ್ಯೆ 1960ರ ದಶಕದಿಂದ ಎಲ್ಲರಿಗೂ ಗೊತ್ತು, ಆದರೆ ಅದು ಬೆಳಕಿನಲ್ಲಿ ಎಷ್ಟು ಕಾಡುತ್ತೆ ಅಂತ ನೋಡಬೇಕಿತ್ತು. ಲೋಹ ಕಮ್ಮಿ ಇರುವ ಹಳೇ ನಕ್ಷತ್ರಗಳು ಅತಿಯಾಗಿ ಉಳಿದು ಬಣ್ಣವನ್ನು ನೀಲಿ ಕಡೆಗೆ ಎಳೆಯುತ್ತವೆ. ಇನ್‌ಫಾಲ್, ಅಂದರೆ ಹೊರಗಿನಿಂದ ಅನಿಲ ಬೀಳೋದನ್ನು, ಹಾಕಿದೆ, ಒಳಗೆ ಬೇಗ, ಹೊರಗೆ ನಿಧಾನ. ಸೂರ್ಯನ ಸುತ್ತಮುತ್ತಲಿಗೆ ಸಾಮಾನ್ಯವಾಗಿ ಬಳಸುವ 700 ಕೋಟಿ ವರ್ಷದ ಟೈಮ್‌ಸ್ಕೇಲ್‌ನಿಂದ ಶುರು ಮಾಡಿದೆ. ಆಮೇಲೆ ಕಬ್ಬಿಣ. ಕಬ್ಬಿಣವನ್ನು ಹೆಚ್ಚಾಗಿ ಕೊಡುವ ಟೈಪ್ ಒನ್-ಎ ಸೂಪರ್‌ನೋವಾ ತಡವಾಗಿ ಸಿಡಿಯುತ್ತವೆ ಅಂತ ಲೆಕ್ಕಕ್ಕೆ ತರದೆ, ಎಲ್ಲ ಲೋಹವೂ ತಕ್ಷಣ ವಾಪಸ್ ಬರುತ್ತೆ ಅಂದುಕೊಂಡರೆ ಹಳೇ ನಕ್ಷತ್ರಗಳಿಗೆ ಸುಮ್ನೆ ಜಾಸ್ತಿ ಕಬ್ಬಿಣ ಬರುತ್ತೆ, ಅವು ಕೆಂಪಗೆ ಕಾಣುತ್ತವೆ, ಫಿಟ್ ಅದನ್ನು ವಯಸ್ಸು ಅಂತ ಓದುತ್ತೆ. 4 ಕೋಟಿ ವರ್ಷದ ನಂತರ ಶುರುವಾಗಿ, ಕಾಲಕ್ಕೆ ವಿಲೋಮವಾಗಿ ಇಳಿಯುವ ಡಿಲೇ ಹಾಕಿದ ಮೇಲೆ ಸರಿಹೋಯಿತು.

ಜಾಸ್ತಿ ತೊಂದರೆ ಕೊಟ್ಟಿದ್ದು ಮಾತ್ರ ಆಕ್ಸಿಜನ್ ಅಳತೆಯೇ. ಸ್ಟ್ರಾಂಗ್ ಲೈನ್ ಕ್ಯಾಲಿಬ್ರೇಶನ್‌ಗಳ (ಪ್ರಖರ ಸ್ಪೆಕ್ಟ್ರಲ್ ಗೆರೆಗಳಿಂದ ಆಕ್ಸಿಜನ್ ಅಂದಾಜು ಮಾಡುವ ಸೂತ್ರಗಳ) ನಡುವೆ 0.7 ಡೆಕ್ಸ್‌ವರೆಗೂ ವ್ಯತ್ಯಾಸ ಬರುತ್ತೆ ಅಂತ ಕೀವ್ಲಿ, ಎಲಿಸನ್ 2008ರಲ್ಲಿ ತೋರಿಸಿದ್ದಾರೆ. ಅಂದರೆ ಐದು ಪಟ್ಟು. ಇದಕ್ಕೆ ಮಾಡೆಲ್ ಕಟ್ಟಿ ಏನು ಪ್ರಯೋಜನ? ಎಲೆಕ್ಟ್ರಾನ್ ಟೆಂಪರೇಚರ್ ಅಳೆದು ಬರೆದ ನೇರ ಮೌಲ್ಯಗಳನ್ನು ಮಾತ್ರ ಇಟ್ಟುಕೊಂಡೆ. ಪಾಯಿಂಟ್ ಕಮ್ಮಿಯಾದವು, ನಂಬಿಕೆ ಬಂತು.

ದುಡ್ಡಿನ ವಿಷಯ. ಮೊದಲು ಕ್ಲೌಡ್ ಮೇಲೆ ಓಡಿಸಿದೆ. ಒಂದು ತಿಂಗಳ ಬಿಲ್ಲೇ 18 ಸಾವಿರದ ಹತ್ತಿರ, ಡೇಟಾ ವಾಪಸ್ ಇಳಿಸಿಕೊಳ್ಳೋಕೂ ದುಡ್ಡು ಕೇಳುತ್ತಾರೆ. ಬಿಟ್ಟೆ. ಎಸ್‌ಪಿ ರೋಡಿನಲ್ಲಿ ಹಳೇ ಡ್ಯುಯಲ್ ಜಿಯಾನ್ ವರ್ಕ್‌ಸ್ಟೇಶನ್ 55 ಸಾವಿರ ಚಿಲ್ಲರೆಗೆ ಸಿಕ್ಕಿತು, ರ‍್ಯಾಮ್ ಬೇರೆ ಹಾಕಿಸಿದೆ. ರಾತ್ರಿಯೆಲ್ಲ ಓಡಿದ ಲೆಕ್ಕ ಕರೆಂಟ್ ಹೋಗಿ ನಿಂತರೆ ಹೊಟ್ಟೆ ಉರಿಯುತ್ತೆ, ಅದಕ್ಕೆ ಯುಪಿಎಸ್ ಇನ್ನೊಂದು 20 ಸಾವಿರ. ಒಟ್ಟು ಒಂದು ಲಕ್ಷದ ಒಳಗೇ ಮುಗಿದಿದೆ.

ಆದರೆ ವೇಗ ಬಂದಿದ್ದು ಮೆಷಿನ್‌ನಿಂದಲ್ಲ. ಪ್ರತಿ ಸಲ ಎಫ್‌ಎಸ್‌ಪಿಎಸ್ (ನಕ್ಷತ್ರ ಸಮೂಹದ ಬೆಳಕನ್ನು ಲೆಕ್ಕ ಹಾಕುವ ಕೋಡ್) ಕರೆಯುವ ಬದಲು, ವಯಸ್ಸು ಮತ್ತು ಲೋಹದ ಗ್ರಿಡ್ ಒಮ್ಮೆ ಮಾಡಿಟ್ಟು, ಬೆಳಕಿನ ಲೆಕ್ಕವನ್ನು ಬರೀ ಮ್ಯಾಟ್ರಿಕ್ಸ್ ಗುಣಾಕಾರಕ್ಕೆ ಇಳಿಸಿದೆ. ಒಂದು ಮಾಡೆಲ್‌ಗೆ ನಾಲ್ಕೈದು ಸೆಕೆಂಡ್ ಹಿಡಿಯುತ್ತಿದ್ದದ್ದು ಕೆಲವೇ ಮಿಲಿಸೆಕೆಂಡ್ ಆಯಿತು. ಟೈಮ್ ಸ್ಟೆಪ್ ಎಲ್ಲಿ ಸಣ್ಣದು, ಎಲ್ಲಿ ದೊಡ್ಡದು ಅನ್ನೋದರಲ್ಲಿ ಒಂದು ಕೈಚಳಕ ಇದೆ. ಅದನ್ನು ಇಲ್ಲಿ ಬಿಡಿಸಿ ಹೇಳಲ್ಲ, ಪೇಪರ್ ಬರಲಿ.

ಅಲ್ಟ್ರಾವಯಲೆಟ್‌ಗೆ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದ ಯುವಿಐಟಿ ಬಳಸಿದೆ. ಕೋರಮಂಗಲದ ಐಐಎ (ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ) ಮುಂದಾಳತ್ವದಲ್ಲಿ ಕಟ್ಟಿದ ಟೆಲಿಸ್ಕೋಪ್ ಅದು, 2015ರ ಸೆಪ್ಟೆಂಬರ್‌ನಲ್ಲಿ ಹಾರಿತು, ಡೇಟಾ ಇಸ್ರೋದ ಬ್ಯಾಲಾಳು ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತೆ. ನಾಸಾದ ಹಳೇ ಅಲ್ಟ್ರಾವಯಲೆಟ್ ಟೆಲಿಸ್ಕೋಪ್ ಗ್ಯಾಲೆಕ್ಸ್ 5 ಆರ್ಕ್‌ಸೆಕೆಂಡ್ ಆಸುಪಾಸಿನವರೆಗೆ ಬಿಡಿಸಿ ನೋಡುತ್ತಿತ್ತು, ಇದು ಒಂದೂವರೆಯವರೆಗೆ. ಸುರುಳಿ ತೋಳು ಬೇರೆ, ಮಧ್ಯದ ಜಾಗ ಬೇರೆ ಅಂತ ಬಿಡಿಸಬಹುದು. ಧೂಳೂ ಬಣ್ಣವನ್ನು ಕೆಂಪಾಗಿಸುತ್ತೆ, ಹಾಗೆ ಬಿಡಿಸಿದ್ದರಿಂದಲೇ ಆ ಗೊಂದಲ ಅರ್ಧ ಕಳೆಯಿತು. ಒಂದು ಕೋಟಿ ವರ್ಷಕ್ಕಿಂತ ಎಳೆಯ ನಕ್ಷತ್ರಗಳಿಗೆ ಹೆಚ್ಚಿನ ಧೂಳು, ಉಳಿದವಕ್ಕೆ ಕಮ್ಮಿ, ಶಾರ್ಲೋ ಮತ್ತು ಫಾಲ್ 2000ರಲ್ಲಿ ಹೇಳಿದ ಹಾಗೆ.

ಪರೀಕ್ಷೆ ಹೇಗೆ ಮಾಡಿದೆ ಅಂದರೆ, ಇತಿಹಾಸ ಗೊತ್ತಿರುವ ನಕಲಿ ಗ್ಯಾಲಕ್ಸಿ ಮಾಡಿ, ನಾಯ್ಸ್ ಸೇರಿಸಿ, ಕೋಡ್‌ಗೆ ಕೊಟ್ಟೆ. ಬೆಳಕು ಮಾತ್ರ ಇದ್ದಾಗ ಸರಾಸರಿ ವಯಸ್ಸು ಸುಮಾರು 250 ಕೋಟಿ ವರ್ಷ ಆಚೀಚೆ ಆಗುತ್ತಿತ್ತು, ಆಕ್ಸಿಜನ್ ಮತ್ತು ಅನಿಲ ಸೇರಿಸಿದ ಮೇಲೆ 100 ಕೋಟಿಯ ಸುತ್ತ. ಈ ಪ್ಲಾಟ್ ನೋಡಿದ ಮೇಲೆ ಯಾರೂ ವಾದ ಮಾಡಿಲ್ಲ.

ಮಧ್ಯೆ ಐಎಂಎಫ್ (ಹುಟ್ಟುವ ನಕ್ಷತ್ರಗಳಲ್ಲಿ ಭಾರದವೆಷ್ಟು, ಹಗುರದವೆಷ್ಟು ಅನ್ನೋ ಸೂತ್ರ) ಬದಲಿಸಿ ನೋಡಿದೆ. ಸಾಲ್‌ಪೀಟರ್ ಸೂತ್ರದಲ್ಲಿ ನಕ್ಷತ್ರಗಳಿಂದ ಅನಿಲಕ್ಕೆ ವಾಪಸ್ ಬರುವ ಪಾಲು ಸುಮಾರು 0.3, ಶಾಬ್ರಿಯೆ ಸೂತ್ರ ಹಾಕಿದರೆ 0.4 ದಾಟುತ್ತೆ. ಆಕ್ಸಿಜನ್ ಯೀಲ್ಡ್ ಕೂಡ ಏರುತ್ತೆ, ಅದನ್ನು ಔಟ್‌ಫ್ಲೋ, ಅಂದರೆ ಗ್ಯಾಲಕ್ಸಿಯಿಂದ ಹೊರಗೆ ಹೋಗುವ ಅನಿಲ, ನುಂಗಿಬಿಡುತ್ತೆ. ಹಾಗಾಗಿ ಔಟ್‌ಫ್ಲೋ ಇಷ್ಟೇ ಅಂತ ಒಂದೇ ಐಎಂಎಫ್ ಇಟ್ಟುಕೊಂಡು ಹೇಳುವವರನ್ನು ನಾನು ನಂಬಲ್ಲ. ಇಡೀ ಗ್ಯಾಲಕ್ಸಿಯ ವಯಸ್ಸಿನ ಇಳಿಜಾರು ಮಾತ್ರ ಎರಡರಲ್ಲೂ ಹಾಗೇ ಉಳಿಯಿತು, ಒಳಗೆ ಹಳೆಯದು, ಹೊರಗೆ ಎಳೆಯದು.

ತೀರಾ ಒಳಗಿನ ಉಂಗುರ ಇನ್ನೂ ಪೂರ್ತಿ ಬಗ್ಗಿಲ್ಲ, ಬಣ್ಣ ಸ್ವಲ್ಪ ಕೆಂಪಗೇ ಬರುತ್ತಿದೆ. ಅಲ್ಲಿಗೆ ಎರಡು ಹಂತದ ಇನ್‌ಫಾಲ್ ಹಾಕಿ ಓಡಿಸುತ್ತಿದ್ದೇನೆ. ಅದಾದ ಮೇಲೆ ಎಂ33 ಗ್ಯಾಲಕ್ಸಿ.