ಅರವತ್ತು ದಾಟಿದ ಮೇಲೆ ಅಮೆರಿಕದಲ್ಲಿ ನೆಲೆಸುವವರಿಗೆ

ಮಗಳ ಬಾಣಂತನಕ್ಕೆಂದೋ ಮೊಮ್ಮಗುವಿನ ನಾಮಕರಣಕ್ಕೆಂದೋ ಬಂದು ಆರು ತಿಂಗಳು ಇದ್ದು ಹೋದವರಿಗೆ ಅಮೆರಿಕ ಪರಿಚಯದ ಊರೆನಿಸುತ್ತದೆ. ಗ್ರೀನ್ ಕಾರ್ಡ್ ಪಡೆದು ನೆಲೆಸುವುದೆಂದರೆ ಅದೇ ವಾಸ್ತವ್ಯವನ್ನು ಇನ್ನಷ್ಟು ಉದ್ದ ಮಾಡುವುದೆಂದು ಅವರು ತಿಳಿಯುತ್ತಾರೆ. ಎಂಟು ವರ್ಷಗಳ ಹಿಂದೆ ಮೈಸೂರಿನ ಮನೆಯನ್ನು ಬಾಡಿಗೆಗೆ ಕೊಟ್ಟು ಪತ್ನಿಯೊಡನೆ ನ್ಯೂಜೆರ್ಸಿಗೆ ಬಂದಾಗ ನಾನೂ ಹಾಗೆಯೇ ತಿಳಿದಿದ್ದೆ. ಅತಿಥಿಗಳಾಗಿ ಬಂದವರ ವಿಮೆ, ಓಡಾಟ, ಹೊತ್ತು ಕಳೆಯುವ ಬಗೆ ಎಲ್ಲವನ್ನೂ ಮಕ್ಕಳೇ ನೋಡಿಕೊಳ್ಳುತ್ತಾರೆ. ಹಿಂತಿರುಗುವ ಟಿಕೆಟ್ ಇರುವುದರಿಂದ ಬೇಸರಕ್ಕೂ ಒಂದು ಗಡುವಿರುತ್ತದೆ. ನೆಲೆಸಲು ಬಂದವರಿಗೆ ಆ ಗಡುವಿಲ್ಲ. ಆದ್ದರಿಂದ ನಾನು ಒತ್ತಿ ಹೇಳುವುದು ಇಷ್ಟೇ: ಕಾಗದಪತ್ರವಿರಲಿ, ಔಷಧವಿರಲಿ, ಹಣವಿರಲಿ, ನಿಮ್ಮದನ್ನು ನೀವೇ ತಿಳಿದು ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ.

ಹೊರಡುವ ಮೊದಲು

ತಂದೆತಾಯಿಯರಿಗಾಗಿ ಅರ್ಜಿ ಹಾಕಲು ಮಗ ಅಥವಾ ಮಗಳು ಅಮೆರಿಕದ ಪ್ರಜೆಯಾಗಿದ್ದು 21 ವರ್ಷ ತುಂಬಿರಬೇಕು. ಕೇವಲ ಗ್ರೀನ್ ಕಾರ್ಡ್ ಇರುವ ಮಕ್ಕಳಿಗೆ ಆ ಅವಕಾಶವಿಲ್ಲ. ಪ್ರಜೆಗಳ ತಂದೆತಾಯಿಯರಿಗೆ ವಾರ್ಷಿಕ ಮಿತಿ ಇಲ್ಲದಿರುವುದರಿಂದ, ಉಳಿದ ಅನೇಕ ವರ್ಗಗಳಂತೆ ಹತ್ತಾರು ವರ್ಷ ಸರದಿಯಲ್ಲಿ ನಿಲ್ಲಬೇಕಾಗುವುದಿಲ್ಲ. ಅರ್ಜಿಗಿಂತಲೂ ಮುಂಚೆ ನಿಮ್ಮ ಪಾಸ್‌ಪೋರ್ಟನ್ನು ತೆರೆದು ನೋಡಿ. ನಮ್ಮ ತಲೆಮಾರಿನವರ ಹೆಸರಿನಲ್ಲಿ ಇನಿಷಿಯಲ್ ಮಾತ್ರ ಇದ್ದು, ಸರ್‌ನೇಮ್ ಎಂಬ ಜಾಗ ಖಾಲಿಯಾಗಿರುವುದು ಬಹಳ ಸಾಮಾನ್ಯ. ಹಾಗಿದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಕೂರುತ್ತದೆ. ‘ಮೊದಲ ಹೆಸರು ತಿಳಿದಿಲ್ಲ’ ಎಂಬುದು ಅದರ ಅರ್ಥ. ಬಳಿಕ ಬ್ಯಾಂಕಿನಲ್ಲಿ, ಔಷಧದಂಗಡಿಯಲ್ಲಿ, ಆಸ್ಪತ್ರೆಯಲ್ಲಿ ಆ ಮೂರಕ್ಷರವೇ ನಿಮ್ಮನ್ನು ಕರೆಯುವ ಹೆಸರಾಗಿಬಿಡುತ್ತದೆ. ಇನಿಷಿಯಲ್ ಬಿಡಿಸಿ ಬರೆಸಿ, ಹೊಸ ಪಾಸ್‌ಪೋರ್ಟ್ ಪಡೆದು, ಆಮೇಲೆ ಅರ್ಜಿ ಹಾಕುವುದು ಕ್ಷೇಮ.

ಹಲ್ಲು, ಕಣ್ಣಿನ ಪೊರೆ, ಶ್ರವಣಯಂತ್ರ, ಈ ಮೂರರ ಕೆಲಸವನ್ನು ಊರಿನಲ್ಲೇ ಮುಗಿಸಿಕೊಂಡು ಬನ್ನಿ. ಇಲ್ಲಿ ಹಲ್ಲಿಗೆ ಬೇರೆಯೇ ವಿಮೆ ಬೇಕು, ಅದಿದ್ದರೂ ಕೈಯಿಂದ ಕೊಡುವುದು ಕಡಿಮೆಯೇನಲ್ಲ. ವೈದ್ಯರಿಂದ ನಿಮ್ಮ ಕಾಯಿಲೆಗಳ ಇತಿಹಾಸವನ್ನು ಒಂದು ಪುಟದಲ್ಲಿ ಬರೆಸಿಕೊಳ್ಳಿ. ಮಾತ್ರೆಗಳನ್ನು ಕಂಪನಿಯ ಹೆಸರಿನಿಂದ ಬರೆಯದೆ, ಒಳಗಿರುವ ಔಷಧದ ಹೆಸರಿನಿಂದ ಬರೆಯಲು ಕೇಳಿ. ಡೋಲೋ, ಕ್ರೋಸಿನ್ ಎಂದರೆ ಇಲ್ಲಿನ ಅಂಗಡಿಯವರಿಗೆ ತಿಳಿಯದು. ಪ್ಯಾರಾಸಿಟಮಾಲ್ ಎಂದರೂ ಕೆಲವರು ತಡವರಿಸುತ್ತಾರೆ, ಏಕೆಂದರೆ ಇಲ್ಲಿ ಅದರ ಹೆಸರು ಅಸಿಟಮಿನೋಫೆನ್. ಉಬ್ಬಸದವರ ಸಾಲ್‌ಬ್ಯುಟಮಾಲ್ ಇಲ್ಲಿ ಆಲ್‌ಬ್ಯುಟೆರಾಲ್ ಆಗುತ್ತದೆ. ಮೂರು ತಿಂಗಳಿಗೆ ಮೀರದಷ್ಟು ಮಾತ್ರೆಗಳನ್ನು ಮೂಲ ಪಟ್ಟಿಗಳಲ್ಲೇ, ಚೀಟಿಯೊಂದಿಗೆ ಕೈಚೀಲದಲ್ಲಿ ತನ್ನಿ. ತಿಂಡಿತಿನಿಸು ತಂದರೆ ಕಸ್ಟಮ್ಸ್‌ನಲ್ಲಿ ತಪ್ಪದೆ ಹೇಳಿ. ಕರಿಬೇವಿನ ಸೊಪ್ಪನ್ನು ಮಾತ್ರ ತರಲೇಬೇಡಿ. ನಿಂಬೆಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರೊಂದಿಗೆ ಬರುವುದರಿಂದ ಅದಕ್ಕೆ ನಿಷೇಧವಿದೆ.

ಬ್ಯಾಂಕಿಗೂ ಒಮ್ಮೆ ಹೋಗಬೇಕು. ನೆಲೆಸಲೆಂದು ಹೊರದೇಶಕ್ಕೆ ಹೋದವರು ಸಾಮಾನ್ಯ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದಿರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕೆಂಬ ನಿಯಮವಿದೆ. ಪಿಂಚಣಿಯೂ ಬಾಡಿಗೆಯೂ ಅದಕ್ಕೇ ಬರಬಹುದು. ಅನಿವಾಸಿಗೆ ಬಾಡಿಗೆ ಕೊಡುವವರು ತೆರಿಗೆ ಕಡಿದು ಕೊಡಬೇಕಾಗುತ್ತದೆ, ಇದನ್ನು ಬಾಡಿಗೆದಾರರಿಗೆ ಮೊದಲೇ ಹೇಳದಿದ್ದರೆ ಆಮೇಲೆ ಮನಸ್ತಾಪ ಖಂಡಿತ. ಪಿಂಚಣಿದಾರರು ನವೆಂಬರಿನಲ್ಲಿ ಕೊಡಬೇಕಾದ ಜೀವನ ಪ್ರಮಾಣಪತ್ರವನ್ನು ಇಲ್ಲಿನ ಭಾರತೀಯ ಕಾನ್ಸುಲೇಟಿನಿಂದ ಪಡೆದು ಕಳುಹಿಸಬಹುದು.

ಬಂದ ಮೊದಲ ಎರಡು ತಿಂಗಳು

ವಿಮಾನ ನಿಲ್ದಾಣದಲ್ಲಿ ವೀಸಾದ ಮೇಲೆ ಒತ್ತುವ ಮುದ್ರೆಯೇ ಒಂದು ವರ್ಷದವರೆಗೆ ಗ್ರೀನ್ ಕಾರ್ಡಿಗೆ ಸಮ. ಕಾರ್ಡ್ ಆಮೇಲೆ ಅಂಚೆಯಲ್ಲಿ ಬರುತ್ತದೆ. ಅದಕ್ಕೆ ಪ್ರತ್ಯೇಕ ಶುಲ್ಕ ಕಟ್ಟಬೇಕಿದ್ದು, ಮಕ್ಕಳು ಅದನ್ನು ಮರೆತು ತಿಂಗಳುಗಟ್ಟಲೆ ಅಂಚೆಪೆಟ್ಟಿಗೆ ನೋಡುತ್ತ ಕೂತವರನ್ನು ನಾನು ಬಲ್ಲೆ. ಮನೆ ಬದಲಿಸಿದರೆ ಹತ್ತು ದಿನಗಳೊಳಗೆ ವಲಸೆ ಇಲಾಖೆಗೆ ಹೊಸ ವಿಳಾಸ ತಿಳಿಸಬೇಕು. ಕಾರು ಓಡಿಸದವರೂ ರಾಜ್ಯ ಸರ್ಕಾರ ಕೊಡುವ ಗುರುತಿನ ಚೀಟಿ ಮಾಡಿಸಿಕೊಂಡರೆ, ಎಲ್ಲೆಡೆ ಪಾಸ್‌ಪೋರ್ಟ್ ಹೊತ್ತು ತಿರುಗುವುದು ತಪ್ಪುತ್ತದೆ.

ಇವೆಲ್ಲಕ್ಕಿಂತ ತುರ್ತಿನದು ಆರೋಗ್ಯ ವಿಮೆ. ಅರವತ್ತೈದಾದವರಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಸಿಗುತ್ತದೆಂದು ಕೇಳಿ ನಿಶ್ಚಿಂತರಾಗಿ ಬರುವವರಿದ್ದಾರೆ. ಇಲ್ಲಿ ಹತ್ತು ವರ್ಷ ದುಡಿದು ತೆರಿಗೆ ಕಟ್ಟಿದ ಹಿನ್ನೆಲೆ ಸ್ವಂತದ್ದಾಗಲಿ ಸಂಗಾತಿಯದಾಗಲಿ ಇಲ್ಲದ ಗ್ರೀನ್ ಕಾರ್ಡಿನವರು ಐದು ವರ್ಷ ಸತತವಾಗಿ ಇಲ್ಲಿ ವಾಸಿಸಿದ ಬಳಿಕವಷ್ಟೇ ಅದನ್ನು ಪಡೆಯಬಹುದು, ಅದೂ ಹಣ ಕೊಟ್ಟು. 2025ರಲ್ಲಿ ಆಸ್ಪತ್ರೆ ವಾಸದ ಭಾಗಕ್ಕೆ ತಿಂಗಳಿಗೆ 518 ಡಾಲರ್, ವೈದ್ಯರ ಭೇಟಿಯ ಭಾಗಕ್ಕೆ 185 ಡಾಲರ್ ಇತ್ತು, ಒಬ್ಬೊಬ್ಬರಿಗೆ. ಅಲ್ಲಿಯವರೆಗಿನ ಐದು ವರ್ಷಗಳಿಗೆ ಸರ್ಕಾರದ ವಿಮಾ ಮಾರುಕಟ್ಟೆಯಲ್ಲಿ ಖಾಸಗಿ ವಿಮೆ ಕೊಳ್ಳಬೇಕು. ಹಳೆಯ ಕಾಯಿಲೆಯ ಕಾರಣ ಹೇಳಿ ಆ ವಿಮೆಯನ್ನು ನಿರಾಕರಿಸುವಂತಿಲ್ಲ ಎಂಬುದು ನಮ್ಮಂಥವರಿಗೆ ದೊಡ್ಡ ಆಸರೆ. ಆದರೆ ದೇಶಕ್ಕೆ ಬಂದ ದಿನದಿಂದ 60 ದಿನಗಳೊಳಗೆ ಸೇರಿಕೊಳ್ಳಬೇಕು. ಆ ಅವಧಿ ಕಳೆದರೆ ಸಾಮಾನ್ಯವಾಗಿ ವರ್ಷದ ಕೊನೆಯ ನೋಂದಣಿಯವರೆಗೆ ಕಾಯಬೇಕಾಗುತ್ತದೆ. ಪ್ರವಾಸಿಗಳಿಗೆಂದು ಮಾರುವ ವಿಮೆಯನ್ನು ಇದರ ಬದಲಿಗೆ ನೆಚ್ಚಬೇಡಿ, ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹಳೆಯ ರೋಗಗಳನ್ನು ಅದು ಬಹುಮಟ್ಟಿಗೆ ಹೊರಗಿಡುತ್ತದೆ.

ವಿಮೆ ಕೈಗೆ ಬಂದೊಡನೆ, ಕಾಯಿಲೆ ಇಲ್ಲದಿದ್ದರೂ, ಹತ್ತಿರದ ಕುಟುಂಬ ವೈದ್ಯರೊಬ್ಬರಲ್ಲಿ ಹೊಸ ರೋಗಿಯಾಗಿ ಹೆಸರು ಬರೆಸಿ. ಮೊದಲ ಭೇಟಿಗೆ ವಾರಗಟ್ಟಲೆ ಕಾಯಬೇಕಾಗುವುದರಿಂದ ತಂದ ಮಾತ್ರೆಗಳು ಮುಗಿಯುವ ಮುನ್ನವೇ ಆ ಕೆಲಸವಾಗಬೇಕು. ಜ್ವರ, ಉಳುಕು, ಕೆಮ್ಮಿಗೆ ಅರ್ಜೆಂಟ್ ಕೇರ್ ಎಂಬ ಚಿಕಿತ್ಸಾಲಯ ಸಾಕು. ಎದೆನೋವು, ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಉಸಿರು ಕಟ್ಟುವುದು, ಇವಕ್ಕೆ ಮಗನ ಫೋನಿಗಾಗಿ ಕಾಯದೆ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಬೇಕು. ಎಮರ್ಜೆನ್ಸಿ ವಿಭಾಗದವರು ಹಣ ಕೇಳುವ ಮೊದಲು ಪರೀಕ್ಷಿಸಿ ಜೀವ ಉಳಿಸುವ ಚಿಕಿತ್ಸೆ ಕೊಡಲೇಬೇಕೆಂದು 1986ರಿಂದ ಕಾನೂನಿದೆ. ಬಿಲ್ಲು ಆಮೇಲೆ ಬರುತ್ತದೆ, ಆ ಮಾತು ಬೇರೆ. ಆ ಕರೆಯಲ್ಲಿ ಓದಿ ಹೇಳಲು ಮನೆಯ ಪೂರ್ಣ ವಿಳಾಸವನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿಡಿ.

ವೈದ್ಯರ ಮುಂದೆ ಮಾತಾಡಲು ಮಕ್ಕಳನ್ನು ದುಭಾಷಿಗಳನ್ನಾಗಿ ಮಾಡಿಕೊಳ್ಳುವ ವಿಷಯದಲ್ಲಿ ಒಂದು ಅನುಭವ ಹೇಳಬೇಕು. ಮೊದಲ ವರ್ಷ ನನ್ನ ಪತ್ನಿ ‘ಎದೆ ಉರಿ’ ಎಂದದ್ದನ್ನು ಮಗ ಗಾಬರಿಯಲ್ಲಿ ‘ಚೆಸ್ಟ್ ಪೇನ್’ ಎಂದು ಹೇಳಿದ. ರಾತ್ರಿಯಿಡೀ ಹೃದಯದ ಪರೀಕ್ಷೆಗಳಾಗಿ, ಬೆಳಗ್ಗೆ ಹುಳಿತೇಗಿನ ಮಾತ್ರೆಯೊಂದಿಗೆ ಮನೆಗೆ ಕಳುಹಿಸಿದರು. ಬಿಲ್ಲಿನ ಮೊತ್ತವನ್ನು ಅವಳಿಗೆ ಇಂದಿಗೂ ಹೇಳಿಲ್ಲ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ರೋಗಿಯಿಂದ ಹಣ ಕೇಳದೆ ದುಭಾಷಿಯನ್ನು ಒದಗಿಸಬೇಕು. ‘ಕನ್ನಡ ಇಂಟರ್‌ಪ್ರಿಟರ್’ ಎಂದು ಅಪಾಯಿಂಟ್‌ಮೆಂಟ್ ಪಡೆಯುವಾಗಲೇ ಕೇಳಿದರೆ ಫೋನಿನ ಮೂಲಕವಾದರೂ ವ್ಯವಸ್ಥೆ ಮಾಡುತ್ತಾರೆ. ಮಲಬದ್ಧತೆ, ಮೂತ್ರದ ತೊಂದರೆ, ಮನಸ್ಸಿನ ಬೇಗುದಿ ಇಂಥವನ್ನು ಸೊಸೆಯ ಮೂಲಕವೋ ಹದಿನಾಲ್ಕರ ಮೊಮ್ಮಗನ ಮೂಲಕವೋ ಹೇಳಿಸಲಾರದೆ ನುಂಗಿಕೊಳ್ಳುವವರಿಗೆ ಇದು ಬಹಳ ಉಪಯುಕ್ತ.

ಹಣ

ಇಲ್ಲಿ ಅತಿ ಹೆಚ್ಚು ಜನ ಎಡವುವುದು ತೆರಿಗೆಯಲ್ಲಿ. ಗ್ರೀನ್ ಕಾರ್ಡ್ ಪಡೆದು ಬಂದವರ ಲೋಕದೆಲ್ಲೆಡೆಯ ಆದಾಯವೂ ಅಮೆರಿಕದ ತೆರಿಗೆ ಲೆಕ್ಕಕ್ಕೆ ಸೇರುತ್ತದೆ; ಮೈಸೂರಿನ ಬಾಡಿಗೆ, ಠೇವಣಿಯ ಬಡ್ಡಿ, ಪಿಂಚಣಿ ಎಲ್ಲವೂ. ಎರಡು ದೇಶಗಳ ನಡುವೆ ಒಪ್ಪಂದವಿರುವುದರಿಂದ ಭಾರತದಲ್ಲಿ ಕಟ್ಟಿದ ತೆರಿಗೆಗೆ ಸಾಮಾನ್ಯವಾಗಿ ಇಲ್ಲಿ ವಿನಾಯಿತಿ ಸಿಗುತ್ತದೆ, ಆದರೆ ತೋರಿಸದೆ ಇರುವಂತಿಲ್ಲ. ಇದಲ್ಲದೆ, ಹೊರದೇಶದ ಎಲ್ಲ ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಿಎಆರ್ ಎಂಬ ವರದಿಯನ್ನು ಬೇರೆಯಾಗಿ ಸಲ್ಲಿಸಬೇಕು. ನಿವೃತ್ತಿಯ ಠೇವಣಿ ಇಟ್ಟ ಯಾರಾದರೂ ಈ ಗೆರೆಯನ್ನು ದಾಟಿರುತ್ತಾರೆ. ತಂಗಿಯೊಡನೆ ಜಂಟಿಯಾಗಿರುವ ಖಾತೆಯೂ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ತೆರಿಗೆ ಇಲ್ಲ, ಸಲ್ಲಿಸದಿದ್ದರೆ ಬೀಳುವ ದಂಡ ಮಾತ್ರ ಘೋರ. ಭಾರತದ ಮ್ಯೂಚುವಲ್ ಫಂಡುಗಳಿಗೆ ಇಲ್ಲಿನ ನಿಯಮ ಕಠಿಣವಾಗಿರುವುದರಿಂದ, ಎರಡೂ ದೇಶಗಳ ತೆರಿಗೆ ಬಲ್ಲ ಲೆಕ್ಕಿಗರನ್ನು ಹೊರಡುವ ಮೊದಲೇ ಕಾಣಿ.

ಇಲ್ಲಿನ ಸರ್ಕಾರ ನಿಮಗೆ ಕೊಡುವ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ. ಊರಿನ ‘ಡಿಜಿಟಲ್ ಅರೆಸ್ಟ್’ ವಂಚಕರ ಸೋದರರು ಇಲ್ಲಿ ತೆರಿಗೆ ಇಲಾಖೆಯವರೆಂದು ಹೇಳಿಕೊಂಡು ಕರೆ ಮಾಡುತ್ತಾರೆ, ಅಂಗಡಿಯ ಗಿಫ್ಟ್ ಕಾರ್ಡ್ ಕೊಂಡು ಸಂಖ್ಯೆ ಓದಿ ಎನ್ನುತ್ತಾರೆ. ಗಿಫ್ಟ್ ಕಾರ್ಡಿನಲ್ಲಿ ಹಣ ಕೇಳುವ ಸರ್ಕಾರಿ ಕಚೇರಿ ಈ ದೇಶದಲ್ಲಿಲ್ಲ.

ಮನೆಯೊಳಗೆ, ಬೀದಿಯಲ್ಲಿ

ಮಗನ ಮನೆಯಲ್ಲಿ ನಿಮ್ಮದೆನ್ನುವ ಕೋಣೆ, ಬಾಗಿಲ ಕೀಲಿಯ ಒಂದು ಪ್ರತಿ, ನಿಮ್ಮ ಹೆಸರಿನ ಬ್ಯಾಂಕ್ ಖಾತೆ, ಈ ಮೂರನ್ನು ಮೊದಲ ತಿಂಗಳಲ್ಲೇ ಕೇಳಿ ಪಡೆಯಿರಿ. ಮೊಮ್ಮಕ್ಕಳನ್ನು ನೋಡಿಕೊಳ್ಳುವ ಹೊತ್ತನ್ನೂ ಆಗಲೇ ಮಾತಾಡಿ. ಪ್ರೀತಿಯ ಕೆಲಸಕ್ಕೆ ಗಂಟೆಯ ಲೆಕ್ಕವೇ ಎಂದು ಸಂಕೋಚಪಟ್ಟವರು ವರ್ಷದೊಳಗೆ ಬೆನ್ನುನೋವನ್ನೂ ಕಹಿಯನ್ನೂ ಒಟ್ಟಿಗೆ ಅನುಭವಿಸಿದ್ದನ್ನು ಕಂಡಿದ್ದೇನೆ. ಮಕ್ಕಳಿಗೂ ಇದು ಹಿತ. ಅಪ್ಪ ಅಮ್ಮನಿಗೆ ಏನು ಬೇಕೆಂದು ಊಹಿಸುವ ಕಷ್ಟ ಅವರಿಗೆ ತಪ್ಪುತ್ತದೆ.

ಅಡುಗೆಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮೊದಲು ಹೊಗೆ ಹೊರಹಾಕುವ ಫ್ಯಾನ್ ಹಾಕಿ, ಇಲ್ಲವಾದರೆ ಮೇಲಿನ ಅಲಾರಂ ಕೂಗಿಕೊಳ್ಳುತ್ತದೆ. ಅಪಾರ್ಟ್‌ಮೆಂಟಾದರೆ ಕೆಲವೊಮ್ಮೆ ಅಗ್ನಿಶಾಮಕದವರೂ ಬಂದುಬಿಡುತ್ತಾರೆ. ದಿನಾಂಕ ಓದುವಾಗ ತಿಂಗಳು ಮೊದಲೆಂಬುದನ್ನು ನೆನಪಿಡಿ: 5/8 ಎಂದರೆ ಮೇ ಎಂಟು, ಆಗಸ್ಟ್ ಐದಲ್ಲ. ವಾಹನಗಳು ಬಲಕ್ಕೆ ಸಾಗುವುದರಿಂದ ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ಅರವತ್ತು ವರ್ಷ ಬಲಕ್ಕೆ ನೋಡಿದ ಕುತ್ತಿಗೆ ಇದನ್ನು ಸುಲಭವಾಗಿ ಕಲಿಯುವುದಿಲ್ಲ. ಕೆಂಪುದೀಪವಿದ್ದರೂ ಕಾರುಗಳು ಬಲಕ್ಕೆ ತಿರುಗುವುದು ಅನೇಕ ಕಡೆ ಕ್ರಮಬದ್ಧವೇ ಆದ್ದರಿಂದ, ಬಿಳಿ ಮನುಷ್ಯನ ಚಿತ್ರ ಬೆಳಗಿದ ಮೇಲೂ ಒಮ್ಮೆ ಚಾಲಕನ ಮುಖ ನೋಡಿ ಹೆಜ್ಜೆ ಇಡಿ.

ಡಿಸೆಂಬರಿನಲ್ಲಿ ನ್ಯೂಜೆರ್ಸಿಯಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಮೊದಲ ಚಳಿಗಾಲದಲ್ಲಿ ನಾವಿಬ್ಬರೂ ಐದು ಗಂಟೆಗೆ ದೀಪ ಹಚ್ಚಿ, ಮಾತಿಲ್ಲದೆ ಕಿಟಕಿ ನೋಡುತ್ತ ಕೂರುತ್ತಿದ್ದೆವು. ಅದು ಬರೀ ಬೇಸರವಲ್ಲ, ಬೆಳಕಿನ ಕೊರತೆಯಿಂದ ಮನಸ್ಸು ಕುಗ್ಗುವುದೂ ಉಂಟೆಂದು ವೈದ್ಯರು ಹೇಳಿದ ಮೇಲೆ ತಿಳಿಯಿತು. ಮಧ್ಯಾಹ್ನದ ಬಿಸಿಲಲ್ಲಿ ನಿತ್ಯ ನಡೆಯಿರಿ, ಡಿ ಜೀವಸತ್ವದ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ, ಹಿಡಿತವಿರುವ ಅಡಿಯ ಬೂಟು ಕೊಳ್ಳಿ. ಹಿಮಕ್ಕಿಂತ, ಕಣ್ಣಿಗೆ ಕಾಣದ ತೆಳುಮಂಜುಗಡ್ಡೆ ಅಪಾಯಕಾರಿ; ಅಂಥ ಬೆಳಗ್ಗೆ ವಾಕಿಂಗ್ ಬಿಟ್ಟರೆ ನಷ್ಟವಿಲ್ಲ.

ವಾರಾಂತ್ಯದಲ್ಲಿ ಕನ್ನಡಕೂಟದ ಯುಗಾದಿ, ರಾಜ್ಯೋತ್ಸವ, ದೇವಸ್ಥಾನದ ಪ್ರಸಾದ ಎಲ್ಲವೂ ಇರುತ್ತವೆ. ಕಷ್ಟವೆನಿಸುವುದು ಮಂಗಳವಾರದ ಬೆಳಗ್ಗೆ ಹನ್ನೊಂದು ಗಂಟೆ. ಅದಕ್ಕೆ ಉತ್ತರ ಊರಿನ ಸಾರ್ವಜನಿಕ ಗ್ರಂಥಾಲಯ. ವಿಳಾಸದ ಪುರಾವೆ ತೋರಿಸಿದರೆ ಕಾರ್ಡ್ ಉಚಿತ. ಅನೇಕ ಗ್ರಂಥಾಲಯಗಳಲ್ಲಿ ವಲಸಿಗರಿಗೆ ಇಂಗ್ಲಿಷ್ ಸಂಭಾಷಣೆಯ ತರಗತಿಗಳೂ ಉಚಿತವಾಗಿ ನಡೆಯುತ್ತವೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇಂಗ್ಲಿಷಿನಲ್ಲೇ ಪತ್ರ ಬರೆದ ನನಗೆ ಇದೇಕೆ ಎಂದುಕೊಂಡಿದ್ದೆ. ಫೋನಿನಲ್ಲಿ ಇಲ್ಲಿಯವರ ಮಾತು ತಿಳಿಯದೆ ಮೂರು ಸಲ ‘ಪಾರ್ಡನ್’ ಎಂದ ಮೇಲೆ ಹೋಗಿ ಸೇರಿದೆ. ಅಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಕೊರಿಯಾದ ಹಿರಿಯರೊಬ್ಬರು ಈಗ ನನ್ನ ವಾಕಿಂಗ್ ಜೊತೆಗಾರರು, ಇಬ್ಬರ ಇಂಗ್ಲಿಷೂ ಸಮಾನವಾಗಿ ಕುಂಟುವುದರಿಂದ ಸಂಕೋಚವಿಲ್ಲ. ಬಸ್ಸು ರೈಲುಗಳಲ್ಲಿ ಹಿರಿಯರಿಗೆ ಅರ್ಧ ದರವಿದೆ. ಮನೆಯಿಂದ ಗ್ರಂಥಾಲಯಕ್ಕೆ ಒಬ್ಬರೇ ಹೋಗಿಬರುವ ದಾರಿಯೊಂದನ್ನು ಮೊದಲು ಕಲಿಯಿರಿ.

ವ್ರತ, ಶ್ರಾದ್ಧ ಮಾಡುವವರು ಬೆಂಗಳೂರಿನ ಪಂಚಾಂಗವನ್ನು ಇಲ್ಲಿ ಬಳಸಬಾರದು. ತಿಥಿ ಲೋಕಕ್ಕೆಲ್ಲ ಒಂದೇ ಕ್ಷಣದಲ್ಲಿ ಆರಂಭವಾದರೂ ಇಲ್ಲಿನ ಸೂರ್ಯೋದಯ ಭಾರತಕ್ಕಿಂತ ಸುಮಾರು ಹತ್ತು ಗಂಟೆ ತಡ. ಹಾಗಾಗಿ ಏಕಾದಶಿ ಇಲ್ಲಿ ಹಲವು ಸಲ ಒಂದು ತಾರೀಖು ಮುಂಚೆಯೇ ಬರುತ್ತದೆ. ಹತ್ತಿರದ ದೇವಸ್ಥಾನದವರು ಆ ಊರಿಗೆ ಗಣಿಸಿದ ಪಂಚಾಂಗವನ್ನು ಕೊಡುತ್ತಾರೆ.

ಊರಿಗೆ ಹೋಗಿಬರುವಾಗ

ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂಬ ಲೆಕ್ಕ ಹೇಳಲು ಚೆನ್ನ, ಗ್ರೀನ್ ಕಾರ್ಡಿಗೆ ಚೆನ್ನಲ್ಲ. ಒಂದೇ ಸಲಕ್ಕೆ ಆರು ತಿಂಗಳು ಮೀರಿ ಹೊರಗಿದ್ದರೆ ಪೌರತ್ವಕ್ಕೆ ಬೇಕಾದ ಸತತ ವಾಸದ ಲೆಕ್ಕ ಕಡಿಯಬಹುದು. ಒಂದು ವರ್ಷ ಮೀರಿದರೆ ಒಳಬರಲು ಕಾರ್ಡ್ ಒಂದೇ ಸಾಲದು. ಪೌರತ್ವಕ್ಕೆ ಐದು ವರ್ಷಗಳ ವಾಸವಿದ್ದು, ಅದರಲ್ಲಿ 30 ತಿಂಗಳಾದರೂ ಇಲ್ಲಿ ಇದ್ದಿರಬೇಕು. ವಯಸ್ಸಿನ ಆಧಾರದ ಮೇಲೆ ಇಂಗ್ಲಿಷ್ ಪರೀಕ್ಷೆಯ ವಿನಾಯಿತಿ 55 ದಾಟಿ 15 ವರ್ಷ ಗ್ರೀನ್ ಕಾರ್ಡಿನಲ್ಲಿದ್ದವರಿಗೆ, ಅಥವಾ 50 ದಾಟಿ 20 ವರ್ಷ ಇದ್ದವರಿಗೆ ಮಾತ್ರ. ತಡವಾಗಿ ಬಂದ ನಮ್ಮಂಥವರು ಐದನೆಯ ವರ್ಷದಲ್ಲೇ ಅರ್ಜಿ ಹಾಕುವುದಾದರೆ ಗ್ರಂಥಾಲಯದ ತರಗತಿ ಇದಕ್ಕೂ ಒದಗುತ್ತದೆ. ಪ್ರಜೆಯಾದ ದಿನ ಭಾರತದ ಪೌರತ್ವ ಹೋಗುತ್ತದೆ. ಹೊರದೇಶದ ಪ್ರಜೆಗಳಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಪಡೆದರೆ ಹೋಗಿಬರಲು ಅಡ್ಡಿಯಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ, ಮತದಾನವಿಲ್ಲ. ನಾವಿಬ್ಬರೂ ಇನ್ನೂ ಪೌರತ್ವದ ಅರ್ಜಿಯನ್ನು ತುಂಬಿಲ್ಲ.

ಮನೆ ಮಾರಾಟಕ್ಕೋ ಒಡಹುಟ್ಟಿದವರ ಆರೈಕೆಗೋ ಒಂದು ವರ್ಷಕ್ಕಿಂತ ಹೆಚ್ಚು ಊರಿನಲ್ಲಿರಬೇಕಾಗುವ ಸಂಭವವಿದ್ದರೆ ಮರಳಿ ಒಳಬರಲು ಅನುಮತಿಯಾದ ರೀ-ಎಂಟ್ರಿ ಪರ್ಮಿಟ್ ಪಡೆಯಿರಿ, ಅದು ಎರಡು ವರ್ಷಗಳವರೆಗೆ ನಡೆಯುತ್ತದೆ. ಅರ್ಜಿ ಹಾಕುವ ದಿನ ನೀವು ಅಮೆರಿಕದೊಳಗೇ ಇರಬೇಕು, ಬಳಿಕ ಬೆರಳಚ್ಚಿಗೆ ಕರೆಯುತ್ತಾರೆ. ಹಾಗಾಗಿ ವಿಮಾನದ ಟಿಕೆಟ್ ಕೊಳ್ಳುವುದಕ್ಕೆ ಕೆಲವು ತಿಂಗಳು ಮೊದಲೇ ಈ ಅರ್ಜಿ ಹೋಗಿರಲಿ.