ಮೊದಲ ಸರ್ಫ್‌ಬೋರ್ಡ್ ದೊಡ್ಡದೇ ಇರಲಿ

ಸಸಿಹಿತ್ಲು ಅಥವಾ ಪಣಂಬೂರಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನೋಡಿ ಬಂದವರ ಕಣ್ಣಲ್ಲಿ ಉಳಿಯುವುದು ಆರಡಿ ಆಸುಪಾಸಿನ, ಮೂತಿ ಚೂಪಾದ, ತೆಳ್ಳನೆಯ ಬೋರ್ಡ್. ಅಲೆಯ ನೆತ್ತಿಯವರೆಗೆ ಹತ್ತಿ, ಅಲ್ಲಿಂದ ಗಕ್ಕನೆ ತಿರುಗಿ ಇಳಿಯುವ ಹುಡುಗ ಹುಡುಗಿಯರ ಕಾಲಡಿ ಇರುವುದು ಅದೇ. ಸಹಜವಾಗಿ, ಸ್ವಂತ ಬೋರ್ಡ್ ಕೊಳ್ಳಲು ಹೊರಟ ಹೊಸಬರೂ ಅಂಥದ್ದನ್ನೇ ಹುಡುಕುತ್ತಾರೆ. ದಯವಿಟ್ಟು ಅದನ್ನು ಕೊಳ್ಳಬೇಡಿ. ಆ ಬೋರ್ಡ್ ಹೊಸಬರ ಭಾರ ಹೊತ್ತು ತೇಲುವುದಿಲ್ಲ. ತೇಲದಿದ್ದರೆ ಕೈಯಿಂದ ನೀರು ತಳ್ಳಿ ವೇಗ ಪಡೆಯಲಾಗುವುದಿಲ್ಲ, ವೇಗವಿಲ್ಲದಿದ್ದರೆ ಅಲೆ ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ. ಸರ್ಫಿಂಗ್ ಕಲಿಯುವುದು ಅಲೆಯ ಮೇಲೆ ನಿಂತು. ಕಾಯುತ್ತಾ ಕುಳಿತರೆ ಏನೂ ಬರುವುದಿಲ್ಲ. ಒಂದು ಗಂಟೆಯಲ್ಲಿ ಹೆಚ್ಚು ಅಲೆ ಹಿಡಿಸಿಕೊಡುವ ಬೋರ್ಡ್ ಯಾವುದೋ ಅದೇ ಒಳ್ಳೆಯ ಮೊದಲ ಬೋರ್ಡ್. ಮುಂದಿನ ಎಲ್ಲ ಹಂತಗಳಲ್ಲೂ ಈ ಒಂದು ಅಳತೆಗೋಲು ಕೈಯಲ್ಲಿರಲಿ.

ಹಂತ 1: ಮೊದಲು ಬಾಡಿಗೆಗೆ

ಮೂಲ್ಕಿಯಲ್ಲಿ ಶಾಂಭವಿ ನದಿಯ ದಡದಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾಗಿ ಎರಡು ದಶಕ ದಾಟಿದೆ. ದೇಶದ ಮೊದಮೊದಲ ಸರ್ಫಿಂಗ್ ಶಾಲೆಗಳಲ್ಲಿ ಅದೂ ಒಂದು. ಈಗ ಮಂಗಳೂರು ಸುತ್ತಮುತ್ತ, ಕಾಪು, ಗೋಕರ್ಣದಲ್ಲೂ ಕಲಿಸುವವರಿದ್ದಾರೆ. ಕಲಿಯಲು ಹೋದಾಗ ಅವರು ಕೊಡುವ ಬೋರ್ಡನ್ನೇ ಸುಮ್ಮನೆ ಹಿಡಿದು ನೀರಿಗಿಳಿಯದೆ, ಅದರ ಉದ್ದ ಎಷ್ಟು, ಗಾತ್ರ ಎಷ್ಟು ಲೀಟರ್ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಒಂದೇ ದಿನ, ಒಂದೇ ಬಗೆಯ ಅಲೆಯಲ್ಲಿ ಎಂಟಡಿಯದನ್ನೂ ಒಂಬತ್ತಡಿಯದನ್ನೂ ಬಳಸಿ ನೋಡಿ. ಒಂದು ಅಡಿಯ ವ್ಯತ್ಯಾಸ ತೋಳಿಗೆ ತಿಳಿಯುವಷ್ಟು ಸ್ಪಷ್ಟವಾಗಿ ಯಾವ ಲೇಖನವೂ ತಿಳಿಸಲಾರದು.

ಬೆಂಗಳೂರಿನಲ್ಲಿದ್ದು ವರ್ಷಕ್ಕೆ ಎರಡೋ ಮೂರೋ ಬಾರಿ ಕರಾವಳಿಗೆ ಬರುವವರಿಗೆ ಸ್ವಂತ ಬೋರ್ಡಿನ ಅಗತ್ಯವೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಎಂಟಡಿಯ ವಸ್ತುವನ್ನು ಅಪಾರ್ಟ್‌ಮೆಂಟಿನ ಲಿಫ್ಟಿಗೆ ತುರುಕಿ, ಕಾರಿನ ತಲೆಗೆ ಕಟ್ಟಿ, ಘಾಟಿ ಇಳಿಸಿ ತರುವ ಬದಲು ಅದೇ ಹಣವನ್ನು ಪಾಠಕ್ಕೂ ಬಾಡಿಗೆಗೂ ಹಾಕಿ. ವಾರಕ್ಕೆ ಒಮ್ಮೆಯಾದರೂ ನೀರಿಗಿಳಿಯುವ ಮಂಗಳೂರು, ಉಡುಪಿ, ಕಾರವಾರದವರು ಮುಂದೆ ಓದಿ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಇಂಡಿಯನ್ ಓಪನ್ ಇತ್ತೀಚಿನ ವರ್ಷಗಳಲ್ಲಿ ಮೇ ಕೊನೆ, ಜೂನ್ ಮೊದಲ ವಾರದ ಹೊತ್ತಿಗೆ ನಡೆದದ್ದಕ್ಕೆ ಕಾರಣವಿದೆ: ಮುಂಗಾರಿನ ಮುನ್ಸೂಚನೆಯಾಗಿ ಆಗ ಅಲೆ ದೊಡ್ಡದಾಗುತ್ತದೆ. ಪಳಗಿದವರಿಗೆ ಅದು ಹಬ್ಬ, ಹೊಸಬರಿಗೆ ಅಪಾಯ. ನಮ್ಮ ಕಲಿಕೆಯ ಕಾಲ ಅಕ್ಟೋಬರಿನಿಂದ ಬೇಸಿಗೆಯವರೆಗೆ. ಆಗ ಬೆಳಗಿನ ಹೊತ್ತು ಮೊಣಕಾಲಿನಿಂದ ಸೊಂಟದೆತ್ತರದ, ಮರಳಿನ ಮೇಲೆ ಒಡೆಯುವ ಮೆತ್ತನೆಯ ಅಲೆಗಳಿರುತ್ತವೆ. ನಿಮ್ಮ ಬೋರ್ಡ್ ಈ ಅಲೆಗೆ ಹೊಂದಬೇಕು. ಟಿವಿಯಲ್ಲಿ ಕಂಡ ತಹಿತಿಯ ಅಲೆಗಲ್ಲ.

ಹಂತ 2: ಫೋಮ್ ಬೋರ್ಡನ್ನೇ ಆರಿಸಿ

ಬೋರ್ಡುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಒಳಗೆ ಗಟ್ಟಿ ಫೋಮ್ ಇದ್ದು ಹೊರಗೆ ಫೈಬರ್‌ಗ್ಲಾಸ್ ಬಟ್ಟೆ, ಒಣಗಿ ಗಟ್ಟಿಯಾಗುವ ರೆಸಿನ್ ಎಂಬ ಅಂಟು ಹಚ್ಚಿ ಮಾಡಿದ್ದು. ಹೊಳೆಯುತ್ತದೆ, ಚೆಂದ ಕಾಣುತ್ತದೆ, ತಲೆಗೆ ಬಡಿದರೆ ಹೊಲಿಗೆ ಬೀಳುತ್ತದೆ. ಇನ್ನೊಂದು, ಒಳಗೆ ಥರ್ಮೋಕೋಲಿನ ಜಾತಿಯ ಇಪಿಎಸ್ ಫೋಮ್, ಮೇಲೆ ಮೆತ್ತನೆಯ ಫೋಮ್ ಹೊದಿಕೆ, ತಳಕ್ಕೆ ನುಣುಪಾದ ಪ್ಲಾಸ್ಟಿಕ್ ಹಾಳೆ ಇರುವ ‘ಸಾಫ್ಟ್ ಟಾಪ್’. ಫೋಮ್ ಬೋರ್ಡ್ ಎಂದು ಕರೆಯುವುದು ಇದನ್ನೇ, ಶಾಲೆಗಳಲ್ಲಿ ಕೊಡುವುದೂ ಇದನ್ನೇ.

ಹೊಸಬರು ಬೀಳುತ್ತಾರೆ, ಬಿದ್ದಾಗ ಬೋರ್ಡ್ ಎತ್ತ ಹಾರುತ್ತದೆ ಎಂದು ಅವರಿಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ಸ್ನಾನಕ್ಕಿಳಿದ ಮಕ್ಕಳಿರುತ್ತಾರೆ, ಬಲೆ ಬೀಸುವವರಿರುತ್ತಾರೆ. ನಮ್ಮ ಬೀಚುಗಳಲ್ಲಿ ಸರ್ಫಿಂಗಿಗೆಂದೇ ಬೇರೆ ಜಾಗ ಮೀಸಲಿಡುವ ರೂಢಿ ಇಲ್ಲದಿರುವಾಗ ಮೆತ್ತನೆಯ ಬೋರ್ಡ್ ನಿಮಗಷ್ಟೇ ಅಲ್ಲ, ಸುತ್ತಲಿನವರಿಗೂ ರಕ್ಷಣೆ. ಫೋಮ್ ಬೋರ್ಡ್ ಹಿಡಿದರೆ ಕಲಿಯುವವರೆಂದು ಗೊತ್ತಾಗಿಬಿಡುತ್ತದೆ ಎಂದು ಕೆಲವರಿಗೆ ಸಂಕೋಚ. ಆ ಸಂಕೋಚ ಬೇಡ. ಪಳಗಿದವರೂ ಸಣ್ಣ ಅಲೆಯ ದಿನ ಇದನ್ನೇ ಹಿಡಿದು ಬರುವುದುಂಟು.

ಕೊಳ್ಳುವಾಗ ಎರಡು ಸಂಗತಿ ಗಮನಿಸಿ. ಒಳಗೆ ಉದ್ದಕ್ಕೆ ಕಟ್ಟಿಗೆಯ ಪಟ್ಟಿ, ಅಂದರೆ ಸ್ಟ್ರಿಂಗರ್, ಇದೆಯೇ? ಎಂಟಡಿಯ ಬೋರ್ಡಿಗೆ ಎರಡೋ ಮೂರೋ ಇದ್ದರೆ ಒಳ್ಳೆಯದು. ಇಲ್ಲದ ಅಗ್ಗದ ಬೋರ್ಡು ಅಲೆಯಲ್ಲಿ ಬಾಗುತ್ತದೆ, ಬೇಗ ಮುರಿಯುತ್ತದೆ. ಎರಡನೆಯದು, ತಳದ ಹಾಳೆ ಅಂಚಿನಲ್ಲಿ ಗಟ್ಟಿಯಾಗಿ ಅಂಟಿದೆಯೇ? ಉಗುರಿನಿಂದ ಮೀಟಿ ನೋಡಿ. ಅಲ್ಲಿಂದಲೇ ನೀರು ಒಳಹೋಗುವುದು.

ಹಂತ 3: ಅಂಕಿ ಓದುವುದು ಕಲಿಯಿರಿ

ಬೋರ್ಡಿನ ತಳದಲ್ಲಿ ಅಥವಾ ಮೈಮೇಲಿನ ಚೀಟಿಯಲ್ಲಿ ಮೂರು ಅಳತೆ ಇರುತ್ತವೆ: ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ. ಹಲವು ಕಂಪನಿಗಳು ನಾಲ್ಕನೆಯದಾಗಿ ಲೀಟರ್ ಲೆಕ್ಕವನ್ನೂ ಹಾಕುತ್ತವೆ. ಹೊಸಬರು ಕೇಳುವುದು ಉದ್ದವನ್ನು ಮಾತ್ರ. ನಾಲ್ಕೂ ಬೇಕು, ಅದರಲ್ಲೂ ಲೀಟರ್.

ಹಳ್ಳಿಯ ಬಾವಿಯಲ್ಲಿ ಈಜು ಕಲಿಸುವಾಗ ಮಕ್ಕಳ ಬೆನ್ನಿಗೆ ಬೆಂಡು ಇಲ್ಲವೇ ಖಾಲಿ ಕ್ಯಾನು ಕಟ್ಟುತ್ತಾರಲ್ಲ, ಇಲ್ಲಿರುವುದೂ ಅದೇ ಲೆಕ್ಕ. ಒಂದು ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿದ ವಸ್ತುವನ್ನು ನೀರು ಹೆಚ್ಚುಕಡಿಮೆ ಒಂದು ಕಿಲೋ ಭಾರದಷ್ಟು ಬಲದಿಂದ ಮೇಲೆತ್ತುತ್ತದೆ. 80 ಲೀಟರಿನ ಫೋಮ್ ಬೋರ್ಡ್ ತನ್ನ ಐದಾರು ಕಿಲೋ ತೂಕ ಕಳೆದರೂ 70 ಕಿಲೋದ ಮನುಷ್ಯನನ್ನು ನೀರಿನ ಮೇಲೆಯೇ ಹಿಡಿದಿಡಬಲ್ಲದು. ಅದೇ ಮನುಷ್ಯ 30 ಲೀಟರಿನ ಸ್ಪರ್ಧೆಯ ಬೋರ್ಡ್ ಮೇಲೆ ಮಲಗಿದರೆ ಬೋರ್ಡು ನೀರೊಳಗೆ, ಅವನ ಎದೆಯೂ ನೀರೊಳಗೆ. ಪಳಗಿದವರು ತೋಳಿನ ಬಲದಿಂದ, ಅಲೆಯ ಸರಿಯಾದ ಜಾಗ ಹಿಡಿಯುವ ಜಾಣ್ಮೆಯಿಂದ ಆ ಕೊರತೆ ತುಂಬಿಕೊಳ್ಳುತ್ತಾರೆ. ಹೊಸಬರ ಬಳಿ ಅವೆರಡೂ ಇನ್ನೂ ಇಲ್ಲ.

ಆದ್ದರಿಂದ ನಿಮ್ಮ ತೂಕ ಎಷ್ಟು ಕಿಲೋ ಇದೆಯೋ ಕನಿಷ್ಠ ಅಷ್ಟು ಲೀಟರಾದರೂ ಇರಲಿ. ಹತ್ತೋ ಹದಿನೈದೋ ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ವಯಸ್ಸು ನಲವತ್ತು ದಾಟಿದವರು, ಈಜಿನ ಅಭ್ಯಾಸ ಕಡಿಮೆ ಇರುವವರು ಇನ್ನಷ್ಟು ಸೇರಿಸಿಕೊಳ್ಳಿ. ಉದ್ದದ ವಿಷಯಕ್ಕೆ ಬಂದರೆ 50 ಕಿಲೋದೊಳಗಿನವರಿಗೆ ಏಳಡಿ ಸಾಕು. 50ರಿಂದ 80 ಕಿಲೋದವರಿಗೆ ಎಂಟಡಿ. ಅದಕ್ಕೂ ಮೇಲ್ಪಟ್ಟವರು ಒಂಬತ್ತಡಿಗೆ ಹೋಗಲು ಹಿಂಜರಿಯಬೇಡಿ. ಉದ್ದ ಹೆಚ್ಚಿದಷ್ಟೂ ಬೋರ್ಡ್ ಜಾರುತ್ತಾ ಬೇಗ ವೇಗ ಪಡೆಯುತ್ತದೆ, ಅಲೆ ಇನ್ನೂ ಒಡೆಯುವ ಮುನ್ನವೇ ಹಿಡಿಯಬಹುದು.

ಅಗಲ ಕೊಡುವುದು ಸ್ಥಿರತೆ. 22, 23 ಇಂಚಿನ ಬೋರ್ಡ್ ಮೇಲೆ ಎದ್ದು ನಿಲ್ಲುವಾಗ ಪಾದ ಸ್ವಲ್ಪ ಆಚೀಚೆ ಬಿದ್ದರೂ ಅದು ಮಗುಚುವುದಿಲ್ಲ. ಆದರೆ ತೋಳು ಗಿಡ್ಡ ಇರುವವರು ಒಮ್ಮೆ ಕಂಕುಳಲ್ಲಿ ಹಿಡಿದು ನೋಡಲೇಬೇಕು. ಕೈ ಕೆಳಗಿನ ಅಂಚನ್ನು ಮುಟ್ಟದಿದ್ದರೆ ಬಿಸಿ ಮರಳಿನ ಮೇಲೆ ನಡೆಯುವಾಗ ಪ್ರತಿದಿನ ಕಷ್ಟ. ತಲೆಯ ಮೇಲೆ ಹೊರುವ ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ.

ಆಕಾರಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಮೂತಿ ದುಂಡಗಿರಲಿ, ಅಂಚು ದಪ್ಪಗಿರಲಿ, ಪಕ್ಕದಿಂದ ನೋಡಿದಾಗ ಬೋರ್ಡ್ ಬಹುಪಾಲು ಚಪ್ಪಟೆಯಾಗಿದ್ದು ಮೂತಿಯ ಬಳಿ ಮಾತ್ರ ತುಸು ಮೇಲೆದ್ದಿರಲಿ.

ಹಂತ 4: ನೀರಿನಲ್ಲಿ ಮಲಗಿ ಪರೀಕ್ಷಿಸಿ

ಮಾರುವವರು ಒಪ್ಪಿದರೆ ಇದನ್ನು ಬಿಡಬೇಡಿ. ಸಮುದ್ರವೇ ಆಗಬೇಕಿಲ್ಲ, ನಿಂತ ನೀರು, ಹೊಳೆಯ ಹಿನ್ನೀರು ನಡೆಯುತ್ತದೆ. ಬೋರ್ಡಿನ ನಡುಗೆರೆಯ ಮೇಲೆ ಎದೆ ಎತ್ತಿ ಬೋರಲು ಮಲಗಿ. ಮೂತಿ ನೀರಿನಿಂದ ಒಂದೆರಡು ಇಂಚು ಮೇಲಿರಬೇಕು. ಮೂತಿ ಆಕಾಶ ನೋಡುತ್ತಿದ್ದರೆ ನೀವು ಹಿಂದೆ ಮಲಗಿದ್ದೀರಿ, ಬೋರ್ಡ್ ನೀರನ್ನು ಉಳುತ್ತಾ ನಿಧಾನವಾಗುತ್ತದೆ. ಮೂತಿ ಮುಳುಗಿದ್ದರೆ ಮುಂದೆ ಬಂದಿದ್ದೀರಿ, ಅಲೆ ತಳ್ಳಿದೊಡನೆ ತಲೆಕೆಳಗಾಗುತ್ತೀರಿ. ಸರಿಯಾದ ಜಾಗ ಸಿಕ್ಕಾಗ ಗಲ್ಲ ಎಲ್ಲಿ ಬಂತೆಂದು ನೋಡಿಕೊಂಡು ಅಲ್ಲೊಂದು ಗುರುತು ಹಾಕಿಕೊಳ್ಳಿ. ಎಲ್ಲಿ ಮಲಗಿದರೂ ಆ ಒಂದೆರಡು ಇಂಚು ಸಿಗದೇ ಹೋದರೆ ಆ ಬೋರ್ಡ್ ನಿಮಗೆ ಚಿಕ್ಕದು.

ಹಂತ 5: ಲೀಶ್ ಮತ್ತು ಫಿನ್

ಕಾಲಿಗೂ ಬೋರ್ಡಿಗೂ ಕಟ್ಟುವ ಹಗ್ಗ ಲೀಶ್. ಬೋರ್ಡಿನಷ್ಟೇ ಉದ್ದ ಇರಬೇಕು, ಚೂರು ಹೆಚ್ಚಿದ್ದರೂ ಆದೀತು. ಅದಕ್ಕಿಂತ ಗಿಡ್ಡವಾದರೆ ಬಿದ್ದಾಗ ಬೋರ್ಡು ನೇರ ನಿಮ್ಮ ಮೇಲೇ ಬರುತ್ತದೆ. ಕಟ್ಟುವುದು ಹಿಂದಿನ ಕಾಲಿನ ಹರಡಿಗೆ. 1970ರ ದಶಕದ ಆರಂಭದಲ್ಲಿ ಲೀಶ್ ಹೊಸದಾಗಿದ್ದಾಗ ರಬ್ಬರಿನಂತೆ ಹಿಗ್ಗುತ್ತಿತ್ತು; ಹಾಗೆ ಹಿಗ್ಗಿ ಮರಳಿದ ಬೋರ್ಡು ಬಡಿದು ಕ್ಯಾಲಿಫೋರ್ನಿಯಾದ ಸರ್ಫರ್ ಜಾಕ್ ಓನೀಲ್ ಒಂದು ಕಣ್ಣು ಕಳೆದುಕೊಂಡರು. ಇಂದಿನ ಲೀಶ್ ಅಷ್ಟು ಹಿಗ್ಗುವುದಿಲ್ಲ. ಆದರೂ ನೀರಿನಿಂದ ತಲೆ ಎತ್ತುವಾಗ ತೋಳುಗಳಿಂದ ತಲೆ ಮುಚ್ಚಿಕೊಂಡೇ ಏಳಿ. ಸೆಕೆಂಡ್ ಹ್ಯಾಂಡ್ ಬೋರ್ಡ್ ಜತೆ ಬಂದ ಹಳೆಯ ಲೀಶನ್ನು ಮಾತ್ರ ಬಳಸಬೇಡಿ, ಹೊಸದನ್ನೇ ಕೊಳ್ಳಿ. ಸಮುದ್ರದೊಳಕ್ಕೆ ಎಳೆಯುವ ಸೆಳೆತದಲ್ಲಿ ಸಿಕ್ಕಾಗ ನಿಮ್ಮನ್ನು ತೇಲಿಸುವ ವಸ್ತುವಿಗೂ ನಿಮಗೂ ಇರುವ ಸಂಬಂಧ ಅದೊಂದೇ. ಅದು ತುಂಡಾದರೂ ದಡ ಸೇರುವಷ್ಟು ಈಜು ಬರದವರು ಮೊದಲು ಈಜು ಕಲಿತು ಬನ್ನಿ.

ತಳದ ರೆಕ್ಕೆಗಳು ಫಿನ್. ಮೂರು ಫಿನ್ನಿನ ಜೋಡಣೆಯನ್ನು 1980ರ ದಶಕದ ಆರಂಭದಲ್ಲಿ ಜನಪ್ರಿಯ ಮಾಡಿದವರು ಆಸ್ಟ್ರೇಲಿಯಾದ ಸರ್ಫರ್ ಸೈಮನ್ ಆ್ಯಂಡರ್ಸನ್. ಫೋಮ್ ಬೋರ್ಡುಗಳಲ್ಲೂ ಹೆಚ್ಚಾಗಿ ಅದೇ ಇರುತ್ತದೆ, ಬಾಗುವ ಪ್ಲಾಸ್ಟಿಕ್ಕಿನದು. ಅದೇ ಸಾಕು. ಕೂಡಿಸುವಾಗ ತುದಿ ಹಿಂದಕ್ಕೆ ಬಾಗಿರಬೇಕು, ಪಕ್ಕದ ಫಿನ್ನುಗಳ ಚಪ್ಪಟೆ ಮುಖ ಒಳಗಡೆಗಿರಬೇಕು. ಸ್ಕ್ರೂ ಸಡಿಲವಾಗಿದೆಯೇ ಎಂದು ಪ್ರತಿ ಸಲ ನೋಡಿ.

ಹಂತ 6: ಹಳೆಯ ಬೋರ್ಡ್ ಕೊಳ್ಳುವುದಾದರೆ

ಹೊಸ ಬೋರ್ಡಿಗೆ ಸಾಗಣೆ ವೆಚ್ಚವೇ ದೊಡ್ಡದಾಗಬಹುದು. ಹಾಗಾಗಿ ಮಳೆಗಾಲಕ್ಕೆ ಬಾಗಿಲು ಹಾಕುವ ಮುನ್ನ ಸರ್ಫ್ ಶಾಲೆಗಳಲ್ಲಿ ಹಳೆಯದು ಮಾರುವುದಿದೆಯೇ ಎಂದು ಕೇಳಿ ನೋಡಿ.

ಮೊದಲು ಎತ್ತಿ ತೂಕ ನೋಡಿ. ಅದೇ ಅಳತೆಯ ಇನ್ನೊಂದಕ್ಕಿಂತ ಭಾರವೆನಿಸಿದರೆ ಒಳಗೆ ನೀರು ಸೇರಿದೆ. ಹಿಂಬದಿ ಕೆಳಗೆ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸಿ. ಲೀಶ್ ಕಟ್ಟುವ ತೂತಿನಿಂದ, ಫಿನ್ ಬುಡದಿಂದ ನೀರು ಜಿನುಗಿದರೆ ಅಲ್ಲೇ ಬಿಟ್ಟು ಬನ್ನಿ. ಮೇಲ್ಮೈಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ, ಗುಳ್ಳೆಯಂತೆ ಕುಸಿದು ಏಳುವ ಕಡೆ ಹೊದಿಕೆ ಬಿಟ್ಟುಕೊಂಡಿದೆ ಎಂದರ್ಥ. ಬೋರ್ಡಿನ ಅಡ್ಡಕ್ಕೆ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಸುಕ್ಕು ಇದ್ದರೆ ಒಳಗಿನ ಕಟ್ಟಿಗೆ ಮುರಿದಿದೆ, ಯಾವ ಬೆಲೆಗೂ ಬೇಡ. ಬಿಸಿಲಿಗೆ ಬಣ್ಣ ಮಾಸಿದ್ದು, ಅಲ್ಲಲ್ಲಿ ಗೀರು, ಸರಿಯಾಗಿ ಮುಚ್ಚಿದ ಹಳೆಯ ಗಾಯ ಇವೆಲ್ಲ ಚೌಕಾಸಿಗೆ ಕಾರಣವಾದೀತೇ ಹೊರತು ತಿರಸ್ಕಾರಕ್ಕಲ್ಲ.

ರಿಪೇರಿಯ ಬಗ್ಗೆ ಒಂದು ಎಚ್ಚರಿಕೆ. ದೋಣಿ ರಿಪೇರಿ ಮಾಡುವಲ್ಲಿ ಸಿಗುವ ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಇಪಿಎಸ್ ಫೋಮನ್ನು ಕರಗಿಸಿಬಿಡುತ್ತದೆ. ಅಂಥ ಬೋರ್ಡಿಗೆ ಎಪಾಕ್ಸಿ ರೆಸಿನ್ನೇ ಆಗಬೇಕು. ಅದಕ್ಕೂ ಮೊದಲು ನೆರಳಿನಲ್ಲಿ ದಿನಗಟ್ಟಲೆ ಒಣಗಿಸಬೇಕು.

ಹಂತ 7: ತಂದ ಮೇಲೆ

ನಮ್ಮ ಕರಾವಳಿಯಲ್ಲಿ ಬೋರ್ಡುಗಳಿಗೆ ಅಲೆಗಿಂತ ದೊಡ್ಡ ಶತ್ರು ಬಿಸಿಲು. ಏಪ್ರಿಲ್ ಮಧ್ಯಾಹ್ನ ಗಾಜು ಮುಚ್ಚಿದ ಕಾರಿನಲ್ಲೋ ಕಾರಿನ ತಲೆಯ ಮೇಲೋ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಹೊದಿಕೆ ಗುಳ್ಳೆ ಏಳುತ್ತದೆ. ಅದು ಮತ್ತೆ ಕೂರುವುದಿಲ್ಲ. ನೀರಿನಿಂದ ಬಂದೊಡನೆ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿಡಿ. ಕಾರಿನ ಮೇಲೆ ಕಟ್ಟುವಾಗ ಹಗ್ಗವನ್ನು ಬೋರ್ಡ್ ಒತ್ತಿ ಗುಳಿ ಬೀಳುವಷ್ಟು ಬಿಗಿಯಬೇಡಿ.

ಫೋಮ್ ಹೊದಿಕೆ ಜಾರುತ್ತದೆ ಎನಿಸಿದರೆ ಮಾತ್ರ ವ್ಯಾಕ್ಸ್, ಅಂದರೆ ಕಾಲಿಗೆ ಹಿಡಿತ ಕೊಡುವ ಮೇಣ, ಹಚ್ಚಿ, ಬಿಸಿ ನೀರಿಗೆಂದು ಮಾಡಿದ ‘ಟ್ರಾಪಿಕಲ್’ ಬಗೆಯದನ್ನು. ತಣ್ಣೀರಿನದು ನಮ್ಮಲ್ಲಿ ಕರಗಿ ಇಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರಿಗೆ ಲೆಕ್ಕ ಬೇರೆ. ಅಲ್ಲಿ ನೀರು ತಣ್ಣಗೆ, ಮೈ ಬೆಚ್ಚಗಿಡುವ ದಪ್ಪ ರಬ್ಬರಿನ ಉಡುಪು, ವೆಟ್‌ಸೂಟ್, ತೊಡಬೇಕು. ನೆನೆದ ಸೂಟಿನ ಭಾರಕ್ಕೂ, ತೋಳಿನ ಬಿಗಿತಕ್ಕೂ ಇನ್ನೈದು ಲೀಟರ್ ಸೇರಿಸಿಕೊಳ್ಳಿ.

ಚಿಕ್ಕ ಬೋರ್ಡಿಗೆ ಯಾವಾಗ?

ನೊರೆಯಲ್ಲಿ ನಿಂತು ದಡದತ್ತ ನೇರ ಬರುವುದು ಸಲೀಸಾದ ಮಾತ್ರಕ್ಕೆ ಬೇಡ. ಒಡೆಯದ ಅಲೆಯನ್ನು ಯಾರೂ ತಳ್ಳದೆ ನೀವೇ ಹಿಡಿದು, ಅದರ ಮೈಗುಂಟ ಎಡಕ್ಕೂ ಬಲಕ್ಕೂ ಸಾಗಲು ಬಂದಾಗ ಯೋಚಿಸಿ. ಆಗಲೂ ಎಂಟಡಿಯಿಂದ ಆರಡಿಗೆ ಧುಮುಕದೆ ಏಳೂವರೆ ಅಡಿಯ ಗಟ್ಟಿ ಬೋರ್ಡ್ ನೋಡಿ, ಅದಕ್ಕೂ ಮೊದಲು ಅದನ್ನೊಮ್ಮೆ ಬಾಡಿಗೆಗೆ ತೆಗೆದುಕೊಂಡು ನೋಡಿ. ಫೋಮ್ ಬೋರ್ಡನ್ನು ಮಾತ್ರ ಮಾರಬೇಡಿ. ಜನವರಿಯಲ್ಲಿ ಅಲೆ ಮೊಣಕಾಲು ದಾಟದ ದಿನಗಳಲ್ಲಿ ಬೇಕಾಗುವುದು ಅದೇ.